ಖಾಲಿ ಫ್ಲ್ಯಾಟುಗಳಿಗೆ ಸಂಜೆಯ ಲೈಟು

ವಯಸ್ಸಾದಂತೆ ಮನುಷ್ಯರಿಗೆ ಧೈರ್ಯ ಬರುತ್ತದೆ ಎಂದು ಚಿಕ್ಕವಳಿದ್ದಾಗ ನಂಬಿದ್ದೆ. ಬರುವುದಿಲ್ಲ. ಬರುವುದು ಮಂಡಿನೋವು. ಹೆದರಿದಾಗ ಮೊದಲಿನ ಹಾಗೆ ಓಡಲು ಆಗುವುದಿಲ್ಲವಾದ್ದರಿಂದ ನೋಡುವವರಿಗೆ ಅದು ಧೈರ್ಯದಂತೆ ಕಾಣುತ್ತದೆ, ಅಷ್ಟೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಏನೆಲ್ಲ ಕಲಿಸಿದರು! ಸೂಪು ಕುಡಿಯುವಾಗ ಸದ್ದು ಮಾಡಬಾರದು, ಬಾಗಿಲು ದಾಟಿದವರು ಅದನ್ನು ಮುಚ್ಚಿಯೇ ಮುಂದೆ ಹೋಗಬೇಕು, ಲೇಡಿ ಆದವಳು ಕಾರಿಡಾರಿನಲ್ಲಿ ಓಡಬಾರದು. ಹೆದರಿಕೆಗೆ ಮಾತ್ರ ಸಿಲೆಬಸ್ಸಿನಲ್ಲಿ ಜಾಗವಿರಲಿಲ್ಲ. ಯಾರಾದರೂ ಅಳುತ್ತಾ ಹೋದರೆ "ಸೇ ಯುವರ್ ಪ್ರೇಯರ್ಸ್, ಚೈಲ್ಡ್" ಎಂದು ಕಳಿಸಿಬಿಡುತ್ತಿದ್ದರು. ಆ ಉಪದೇಶವನ್ನು ಇಷ್ಟು ವರ್ಷ ಪಾಲಿಸಿಕೊಂಡು ಬಂದದ್ದರ ಫಲವಾಗಿ ಈ ಇಳಿವಯಸ್ಸಿನಲ್ಲಿ, ಮಸ್ಕತ್ತಿನ ರೂವಿಯಲ್ಲಿ, ನಾನು ಒಬ್ಬ ನಿರಪರಾಧಿ ಹೆಂಗಸನ್ನು ಖಾಲಿ ಫ್ಲ್ಯಾಟಿನೊಳಗೆ ಕೂಡಿ ಬೀಗ ಹಾಕಿದೆ.

ನನಗೆ ಲಿಫ್ಟೆಂದರೆ ಹೆದರಿಕೆ. ಗ್ಯಾಸ್ ಸಿಲಿಂಡರ್ ಎಂದರೆ ಹೆದರಿಕೆ. ಇತ್ತೀಚೆಗೆ ಇವೆಲ್ಲವನ್ನೂ ಮೀರಿಸಿದ್ದು ಬಾಲ್ಕನಿಗಳಲ್ಲಿ ನೇತಾಡುವ "ಟು ಲೆಟ್" ಬೋರ್ಡು. ಒಂದು ಕಾಲದಲ್ಲಿ ರೂವಿಯಲ್ಲಿ ಮನೆ ಸಿಗುವುದೆಂದರೆ ಲಾಟರಿ ಹೊಡೆದ ಹಾಗೆ. ನನ್ನ ಯಜಮಾನರು ಅಲ್ಫೋನ್ಸ್ ಈ ಎರಡನೇ ಮಹಡಿಯ ಫ್ಲ್ಯಾಟಿಗಾಗಿ, ಇದರಲ್ಲಿ ಆಗ ಇದ್ದವನು ಊರಿಗೆ ಹೊರಡುವುದನ್ನೇ ಕಾದು ಕುಳಿತಿದ್ದರು. ಬರೀ ಕಾಯಲಿಲ್ಲ, ಅವನ ರಟ್ಟಿನ ಪೆಟ್ಟಿಗೆಗಳಿಗೆ ತಾವೇ ಹಗ್ಗ ಕಟ್ಟಿಕೊಟ್ಟು, ಏರ್‌ಪೋರ್ಟಿಗೂ ಬಿಟ್ಟು ಬಂದರು, ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು. ಈಗ ಹಗ್ಗ ಕಟ್ಟುವವರೇ ಎಲ್ಲ, ಕಾಯುವವರು ಯಾರೂ ಇಲ್ಲ. ಕಂಪೆನಿಗಳು ಜನರನ್ನು ತೆಗೆದವು. ಕೆಲಸ ಉಳಿದವರೂ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಬಾಚಲರುಗಳಾದರು. ಸ್ವಲ್ಪ ಗಟ್ಟಿ ಇದ್ದವರು ಮಸ್ಕತ್ತಿನ ಆಚೆ ತುದಿಯ ಬೌಷರಿಗೆ ಹೋದರು. ಅಲ್ಲಿ ಹೊಸ ಕಟ್ಟಡಗಳಂತೆ, ಒಂದು ತಿಂಗಳು ಬಾಡಿಗೆಯೇ ಬೇಡವಂತೆ. ನಮ್ಮ ಮೆಟ್ಟಿಲಿನಲ್ಲಿ ಮೊದಲು ಕಣ್ಣು ಮುಚ್ಚಿಕೊಂಡು ಹತ್ತಿದರೂ ಯಾವ ಮಹಡಿ ಎಂದು ಗೊತ್ತಾಗುತ್ತಿತ್ತು. ಒಂದರಲ್ಲಿ ಬಂಗುಡೆ ಹುರಿದ ಪರಿಮಳ, ಇನ್ನೊಂದರಲ್ಲಿ ಹಿಂಗಿನ ಒಗ್ಗರಣೆ, ಮೇಲೆ ಹೋದರೆ ಅರಬರ ಧೂಪ ಬಖೂರಿನ ಹೊಗೆ. ಈಗ ಎಲ್ಲ ಮಹಡಿಗೂ ಒಂದೇ ವಾಸನೆ, ಫಿನಾಯಿಲಿನದು.

ನಾನು ಇರುವುದು ಮಗಳು ಪ್ರೆಸಿಲ್ಲಾ, ಅಳಿಯ ವಿಲ್ಫಿ ಜೊತೆ. ಅಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ, ಅವರೇ ನನ್ನ ಮನೆಗೆ ಬಂದದ್ದು. ಆದರೆ ಅಲ್ಫೋನ್ಸ್ ತೀರಿಕೊಂಡ ಮೇಲೆ ನನ್ನ ವೀಸಾ ಅವರ ಲೆಕ್ಕಕ್ಕೆ ಹೋದದ್ದರಿಂದ ಮನೆಯೂ ಅದರ ಹಿಂದೆ ಹೋಯಿತು. ವಿಲ್ಫಿ ಒಳ್ಳೆಯ ಹುಡುಗ. ಒಂದೇ ದೋಷವೆಂದರೆ ಮೊಬೈಲಿನಲ್ಲಿ ಬೇರೆಯವರ ಮನೆಯ ಫೋಟೋ ನೋಡುವ ಚಟ.

"ಮಮ್ಮಿ, ಇಲ್ಲಿ ನೋಡಿ. ಬೌಷರಿನಲ್ಲಿ ನಮ್ಮದೇ ಬಾಡಿಗೆಗೆ ಸ್ವಿಮ್ಮಿಂಗ್ ಪೂಲ್ ಉಂಟು."

"ಈಜುವುದು ಯಾರು, ನಾನಾ?"

"ಈಜ್ಲಿಕ್ಕೆ ಯಾಕೆ? ನೋಡ್ಲಿಕ್ಕೆ ಆಯ್ತಲ್ಲ."

"ನೋಡ್ಲಿಕ್ಕೆ ಮತ್ರಾದ ಸಮುದ್ರ ಉಂಟು, ಫ್ರೀ."

ಪ್ರೆಸಿಲ್ಲಾ ಇಬ್ಬರ ಮಾತಿಗೂ ತಲೆಯಾಡಿಸುತ್ತಾಳೆ; ಕುತ್ತಿಗೆ ನೋವು ಅವಳಿಗೆ ಅದರಿಂದಲೇ ಬಂದದ್ದು ಎಂದು ನನ್ನ ಗುಮಾನಿ. ನಾನು ಚರ್ಚು ದೂರವಾಗುತ್ತದೆ, ಇಲ್ಲಿ ರಜೆಯ ದಿನವಾದ ಶುಕ್ರವಾರದ ಪೂಜೆಗೆ ಟ್ಯಾಕ್ಸಿ ಬೇಕು, ಕಾಣೆ ಮೀನು ಎಲ್ಲಿ ಸಿಗುತ್ತದೆ ಎಂದು ಕಾರಣ ಕೊಡುತ್ತಿದ್ದೆ. ನಿಜವಾದ ಕಾರಣ ಹೇಳಲು ನಾಚಿಕೆ. ಅಲ್ಫೋನ್ಸ್ ಕೊನೆಯ ಸಲ ಚಹಾ ಕುಡಿದದ್ದು ಈ ಹಾಲಿನಲ್ಲಿ. "ಸಕ್ಕರೆ ಕಮ್ಮಿ ಆಯ್ತು ಕಾಣ್ತದೆ" ಎಂದದ್ದು ಈ ಕಿಟಕಿಯ ಹತ್ತಿರ. ಅದನ್ನು ಲಾರಿಯಲ್ಲಿ ಹೇರಿಕೊಂಡು ಹೋಗಲು ಆಗುತ್ತದೆಯೇ? ಕೊನೆಗೆ ವಿಲ್ಫಿ ಕಟ್ಟುನಿಟ್ಟು ಮಾಡಿದ. "ಇನ್ನೊಂದು ಫ್ಯಾಮಿಲಿ ಖಾಲಿ ಮಾಡಿದ್ರೆ ಖಲಾಸ್ ಮಮ್ಮಿ, ನಾವೂ ಹೊರಡುವುದೇ. ಭೂತ ಬಂಗಲೆಯಲ್ಲಿ ನಿಮ್ಮನ್ನು ಹಗಲಿಡೀ ಒಬ್ಬರೇ ಬಿಟ್ಟು ಹೋಗ್ಲಿಕ್ಕೆ ನಮಗೆ ಧೈರ್ಯ ಇಲ್ಲ." ಅಂದಿನಿಂದ ಮೆಟ್ಟಿಲಲ್ಲಿ ಸೂಟ್‌ಕೇಸಿನ ಚಕ್ರದ ಸದ್ದಾದರೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಯಾರೋ ಕ್ರಿಕೆಟ್ ಕಿಟ್ ಎಳೆದುಕೊಂಡು ಹೋದರೂ ಬಾಗಿಲು ತೆರೆದು "ಊರಿಗಾ?" ಎಂದು ಕೇಳಿಬಿಡುತ್ತಿದ್ದೆ.

ಇಂಥ ದಿನಗಳಲ್ಲಿ ಅರ್ಬಾಬ್ ಬಂದರು. ಅರ್ಬಾಬ್ ಎಂದರೆ ಇಲ್ಲಿ ಒಡೆಯ, ನಮ್ಮ ಕಟ್ಟಡದ ಯಜಮಾನರು. ಅಚ್ಚ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ವೃದ್ಧರು, ಹರೆಯದಲ್ಲಿ ಬೊಂಬಾಯಿಯಲ್ಲಿ ಇದ್ದವರಾದ್ದರಿಂದ ಹಿಂದಿ ನನಗಿಂತ ಚೆನ್ನಾಗಿ ಆಡುತ್ತಾರೆ. ಕಾಲ ಕೆಟ್ಟಿದೆ, ವಾಚ್‌ಮನ್ನನ್ನೂ ಬಿಡಬೇಕಾಯಿತು, ಮನೆ ನೋಡಲು ಬಂದವರು ಕತ್ತಲೆಯ ಕಿಟಕಿಗಳನ್ನು ಕಂಡು ಕೆಳಗಿನಿಂದಲೇ ಕಾರು ತಿರುಗಿಸುತ್ತಾರೆ ಎಂದು ಅಲವತ್ತುಕೊಂಡರು. "ಅಮ್ಮಾ, ನೀವು ಹೇಗೂ ಮನೆಯಲ್ಲೇ ಇರುತ್ತೀರಿ. ಸಂಜೆ ಹೊತ್ತು ಖಾಲಿ ಫ್ಲ್ಯಾಟುಗಳಲ್ಲಿ ಒಂದೊಂದು ಲೈಟು ಹಾಕಿ ಬರುತ್ತೀರಾ? ಜನ ಇದ್ದಾರೆ ಅಂತ ಕಾಣಲಿ." ಕೀಗೊಂಚಲನ್ನು ಟೀಪಾಯಿಯ ಮೇಲೆ ಇಟ್ಟೇಬಿಟ್ಟರು. ಲಿಫ್ಟಿಗೆ ಹೆದರುವವಳ ಕೈಗೆ ಕತ್ತಲೆ ಮನೆಗಳ ಕೀಲಿ! ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಲೈಟು ಕಂಡರೆ ಜನ ಬಂದಾರು, ಜನ ಬಂದರೆ ವಿಲ್ಫಿ ಬೌಷರ್ ಮರೆತಾನು. ಬಾಯಿಂದ ಬಂದದ್ದು "ಶೂರ್, ವಿತ್ ಪ್ಲೆಷರ್."

ಪ್ಲೆಷರ್ ಎಂಥದ್ದೆಂದು ಮೊದಲ ಸಂಜೆಯೇ ತಿಳಿಯಿತು. ಮಸೀದಿಯಲ್ಲಿ ಸೂರ್ಯಾಸ್ತದ ಮಗ್ರಿಬ್ ಬಾಂಗ್ ಮುಗಿದ ಕೂಡಲೇ ಹೊರಡುವುದು. ಖಾಲಿ ಮನೆ ಎಂದರೆ ಪೂರಾ ಖಾಲಿ ಇರುವುದಿಲ್ಲ, ಅದೇ ಕಷ್ಟ. ಗೋಡೆಯಲ್ಲಿ ಹಳೆಯ ಕ್ಯಾಲೆಂಡರ್, ವಾರ್ಡ್‌ರೋಬಿನಲ್ಲಿ ಒಂಟಿ ಹ್ಯಾಂಗರ್, ಯಾವುದೋ ಮಗು ಬಾಗಿಲಿಗೆ ಅಂಟಿಸಿದ ನಗುವ ಸೂರ್ಯ. ಆ ಸೂರ್ಯ ಕತ್ತಲಲ್ಲಿ ನಗುವುದನ್ನು ನೋಡಿದವರಿಗೆ ನನ್ನ ಕಷ್ಟ ಅರ್ಥವಾದೀತು. ಹಾಗಾಗಿ ಸಿಸ್ಟರ್‌ಗಳು ಹೇಳಿಕೊಟ್ಟ ಮದ್ದನ್ನೇ ಹಿಡಿದೆ, ಗಟ್ಟಿ ದನಿಯಲ್ಲಿ ತೇರ್ಸ್ ಹೇಳುವುದು. ತೇರ್ಸ್ ಎಂದರೆ ನಮ್ಮ ಕೊಂಕಣಿಯಲ್ಲಿ ಜಪಮಾಲೆ. ಅದನ್ನು ಮನೆಮಂದಿಯೆಲ್ಲ ಸೇರಿ ಹೇಳಬೇಕು. ಒಬ್ಬರು "ನಮಾನ್ ಮರಿಯೆ" ಎಂದು ಮೊದಲರ್ಧ ಹೇಳಿ ನಿಲ್ಲುವುದು, ಉಳಿದರ್ಧವನ್ನು ಉಳಿದವರು ಹೇಳುವುದು. ನಮ್ಮಲ್ಲಿ ಮಾತು ಬಂದ ಮಗುವಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರಿಗೂ ಇದು ಎಂಥ ಅಭ್ಯಾಸವೆಂದರೆ ಅರೆನಿದ್ದೆಯಲ್ಲೂ ಬಾಯಿ ತನ್ನಷ್ಟಕ್ಕೆ ಉತ್ತರ ಕೊಡುತ್ತದೆ. ನಾನೂ ಅಭ್ಯಾಸಬಲದಿಂದ ಮೊದಲರ್ಧ ಹೇಳಿ ನಿಲ್ಲುವವಳು. ಯಾರೂ ಇಲ್ಲವಲ್ಲ ಎಂದು ನೆನಪಾಗಿ ಉಳಿದರ್ಧವನ್ನೂ ನಾನೇ ಹೇಳಿ, ಸ್ವಿಚ್ಚು ಒತ್ತಿ, ಹೊರಗೆ ಬಂದು ಬೀಗ ಹಾಕುವವಳು.

ಒಂದು ಸಂಜೆ ನಾಲ್ಕನೇ ಮಹಡಿಯ ಫ್ಲ್ಯಾಟು. ಬಾಗಿಲು ತೆರೆದು ಹಾಲಿನೊಳಗೆ ಕಾಲಿಟ್ಟೆ. ಸ್ವಿಚ್ಚಿಗೆ ತಡಕಾಡುತ್ತಾ ಮೊದಲರ್ಧ ಹೇಳಿ ನಿಂತೆ. ಒಳಗಿನ ಕತ್ತಲೆಯಿಂದ, ಹೆಣ್ಣು ದನಿಯಲ್ಲಿ, ಶುದ್ಧ ಮಂಗಳೂರು ಕೊಂಕಣಿಯಲ್ಲಿ, ಉಳಿದರ್ಧ ಬಂತು. ಅದೂ ಪೂರ್ತಿ. ಕೊನೆಯ ಆಮೆನ್ ಸಮೇತ.

ನನ್ನ ಕಾಲಿಗೆ ಅಷ್ಟು ವೇಗ ಉಳಿದಿತ್ತೆಂದು ಅಂದೇ ಗೊತ್ತಾದದ್ದು. ಆದರೂ ಕಾನ್ವೆಂಟ್ ಎಜುಕೇಶನ್ ನೋಡಿ! ಜೀವ ಬಾಯಿಗೆ ಬಂದಿದ್ದರೂ ಬಾಗಿಲು ಮುಚ್ಚುವುದನ್ನು ಮರೆಯಲಿಲ್ಲ, ಕೀಲಿ ತಿರುಗಿಸುವುದನ್ನೂ ಮರೆಯಲಿಲ್ಲ. ಮನೆಗೆ ಬಂದು ಸೋಫಾದಲ್ಲಿ ಕುಳಿತು ನಡುಗುತ್ತಿದ್ದೆ. ಪ್ರೆಸಿಲ್ಲಾ ನೀರು ಕೊಟ್ಟು, "ಎಂತ ಆಯ್ತು ಮಮ್ಮಿ?" ಎಂದಳು. "ನಾಲ್ಕನೇ ಮಹಡಿಯಲ್ಲಿ ಒಂದು ಆತ್ಮ ಉಂಟು, ಕೆಥೊಲಿಕ್ ಆತ್ಮ" ಎಂದೆ. ವಿಲ್ಫಿ ಮೊಬೈಲ್ ತೆಗೆದು ಬೌಷರಿನ ಫೋಟೋಗಳನ್ನು ನೋಡತೊಡಗಿದ. ಮನೆ ಉಳಿಸಲು ಹೋಗಿ ನಾನೇ ಕಳೆದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಧಡಧಡ ಬಡಿಯಿತು. ಹೊರಗೆ ಬ್ರೋಕರ್ ಮತ್ತು ಬೆವರಿನಲ್ಲಿ ಮಿಂದ ಒಬ್ಬ ಗಂಡಸು.

"ಆಂಟಿ, ಕೀ ನಿಮ್ಮ ಹತ್ರ ಉಂಟಂತೆ. ನನ್ನ ಹೆಂಡತಿ ಒಳಗೆ ಲಾಕ್ ಆಗಿದ್ದಾಳೆ!"

ನಡೆದದ್ದು ಇಷ್ಟು. ಬ್ರೋಕರ್ ತನ್ನ ಕೀಲಿಯಿಂದ ಮನೆ ತೋರಿಸಿ, ಗಂಡನನ್ನು ನೀರಿನ ಟ್ಯಾಂಕು ನೋಡಲೆಂದು ಟೆರೇಸಿಗೆ ಕರೆದೊಯ್ದಿದ್ದ, ಕೀಲಿಯನ್ನು ಒಳಗೆ ಕಿಚನ್ ಕಟ್ಟೆಯ ಮೇಲೆ ಬಿಟ್ಟು. ಆ ಬೀಗವೋ ಹೊರಗಿನಿಂದಷ್ಟೇ ತೆರೆಯುವಂಥದ್ದು. ಹೆಂಡತಿ ಸ್ವಿಚ್ಚು ಸಿಗದೆ ಅರೆಗತ್ತಲಲ್ಲೇ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ನಾನು ಮೇಲೆ ಹೋಗಿ ಬೀಗ ತೆಗೆದಾಗ ಅವಳು ಸಿಂಕಿಗೆ ಆತು ನಿಂತು ನನಗಿಂತ ಹೆಚ್ಚು ನಡುಗುತ್ತಿದ್ದಳು. ಹೆಸರು ಲವೀನಾ, ಬಜ್ಪೆ ಕಡೆಯವಳು.

"ಅಯ್ಯೋ ಆಂಟಿ, ಅದು ನೀವಾ! ಖಾಲಿ ಮನೆಯಲ್ಲಿ ಯಾರೋ ತೇರ್ಸ್ ಹೇಳಿದ ಹಾಗಾಯ್ತು. ಓಡುವ ಅಂತ ಇದ್ದೆ. ಆದ್ರೆ ನೀವು ಅರ್ಧಕ್ಕೆ ನಿಲ್ಲಿಸಿದ್ರಿ."

"ನಿಲ್ಲಿಸಿದರೆ?"

"ನಿಲ್ಲಿಸಿದ್ರೆ ಉತ್ತರ ಕೊಡದೆ ಹೇಗೆ ಆಂಟಿ? ದೆವ್ವವೇ ಆದ್ರೂ ಪ್ರಾರ್ಥನೆ ಅಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಅವಳ ಗಂಡ ಬೇರೆ ನಾಲ್ಕು ಮನೆ ನೋಡಬೇಕೆಂದಿದ್ದ. ಲವೀನಾ ಮಾತ್ರ, "ತೇರ್ಸಿಗೆ ಜನ ಇರುವ ಕಟ್ಟಡ ಬಿಟ್ಟು ಎಲ್ಲಿಗೂ ಬರುವುದಿಲ್ಲ" ಎಂದು ಅಲ್ಲೇ ತೀರ್ಮಾನ ಮಾಡಿದಳು. ಅವಳು ಬಂದಳು, ಅವಳ ಹಿಂದೆ ಅವಳ ಪರಿಚಯದ ಇನ್ನೊಂದು ಸಂಸಾರ ಬಂತು. ನಾಲ್ಕನೇ ಮಹಡಿಯಿಂದ ಮತ್ತೆ ಬಂಗುಡೆಯ ಪರಿಮಳ. ನಾನು ಗೆದ್ದೆ ಎಂದುಕೊಂಡೆ.

ಗೆದ್ದವರ ನೆಮ್ಮದಿ ಹೆಚ್ಚು ದಿನ ಇರಲಿಲ್ಲ. ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಕೊಡಲು ಬಂದ ಲವೀನಾಳ ಗಂಡ ತಾನು ಕೊಡುವ ಬಾಡಿಗೆ ಎಷ್ಟೆಂದು ಬಾಯಿಬಿಟ್ಟ. ವಿಲ್ಫಿಯ ಕೈಯಲ್ಲಿದ್ದ ನೆವ್ರಿ ಅರ್ಧದಲ್ಲೇ ನಿಂತಿತು. ಅಷ್ಟೇ ಕೋಣೆ, ಅಷ್ಟೇ ಕಿಟಕಿ, ನಮಗಿಂತ ಎಷ್ಟೋ ಕಡಿಮೆ! ಮರುದಿನವೇ ಅರ್ಬಾಬ್ ಹತ್ತಿರ ಹೋಗಿ ನ್ಯಾಯ ಕೇಳಿದ. ಅರ್ಬಾಬ್ ಕಹ್ವಾ ಕುಡಿಸಿ ಸಮಾಧಾನವಾಗಿ ಹೇಳಿದರಂತೆ, ಹಳೆಯ ಕಾಂಟ್ರಾಕ್ಟಿಗೆ ಹಳೆಯ ಬಾಡಿಗೆ, ಹೊಸತಕ್ಕೆ ಹೊಸತು. ನಿಮಗೊಬ್ಬರಿಗೆ ಇಳಿಸಿದರೆ ಹಳಬರೆಲ್ಲ ಬಂದು ಕೂರುತ್ತಾರೆ. ಬೇಕಾದರೆ ಲವೀನಾಳ ಎದುರಿನ ಫ್ಲ್ಯಾಟು ಖಾಲಿ ಇದೆ, ಹೊಸ ಬಾಡಿಗೆದಾರರಾಗಿ ಬನ್ನಿ. "ಬೌಷರಿಗಿಂತ ಹತ್ತಿರ ಆಯ್ತಲ್ಲ ಮಮ್ಮಿ" ಎಂದ ವಿಲ್ಫಿ. ಕಟ್ಟಡ ತುಂಬಲಿ ಎಂದು ಬೀದಿಗೆಲ್ಲ ಬೆಳಕು ತೋರಿಸಿದವಳು ನಾನು. ಆ ಬೆಳಕಿನಲ್ಲಿ ನನ್ನ ಮನೆಯೇ ಹೋಯಿತು. ಅಲ್ಫೋನ್ಸ್ ಸ್ವಂತ ಕೈಯಾರೆ ಹೊಡೆದಿದ್ದ, ಈರುಳ್ಳಿ ಇಟ್ಟರೆ ಒಂದೇ ಕಡೆಗೆ ಉರುಳುವ ಓರೆ ಶೆಲ್ಫನ್ನು ಬಿಚ್ಚಲು ಹೋದರೆ ಗೋಡೆಯೇ ಕಿತ್ತು ಬರುವ ಹಾಗಾಯಿತು. ಅಲ್ಲೇ ಬಿಟ್ಟು ಎರಡು ಮಹಡಿ ಹತ್ತಿದೆವು.

ಈಗ ಖಾಲಿ ಮನೆಗಳ ಪಟ್ಟಿಯಲ್ಲಿ ನನ್ನದೇ ಮನೆ. ಬಂದವರಿಗೆ ತೋರಿಸುವ ಕೆಲಸವೂ ನನ್ನದೇ. ಒಪ್ಪಿಕೊಳ್ಳುತ್ತೇನೆ, ನಾನು ಪ್ರಾಮಾಣಿಕವಾಗಿ ತೋರಿಸಲಿಲ್ಲ. ನೀರಿನ ಪ್ರೆಷರ್ ಇಲ್ಲ ಎಂದೆ, ಜಿರಳೆ ಬರುತ್ತದೆ ಎಂದೆ, ಬೇಸಗೆಯಲ್ಲಿ ಅಡುಗೆಮನೆ ಬೇಕರಿ ಒಲೆಯಾಗುತ್ತದೆ ಎಂದೆ. ಹಲವರು ಹೆದರಿ ಹೋದರು. ಹೋಗದವಳು ಒಬ್ಬಳೇ, ಉಡುಪಿ ಕಡೆಯ ಹೊಸ ಮದುಮಗಳು ಸುಪ್ರಿಯಾ. ಎಲ್ಲ ಕೇಳಿ, "ಇಷ್ಟೆಲ್ಲ ತೊಂದರೆ ಇದ್ದೂ ಅಷ್ಟು ವರ್ಷ ಇದ್ರಾ ಆಂಟಿ? ಹಾಗಾದ್ರೆ ಮನೆ ಒಳ್ಳೆದೇ ಇರ್ಬೇಕು" ಎಂದು ಗಂಡನ ಕಡೆ ನೋಡಿ ನಕ್ಕಳು. ಅವರು ಬಂದು ಸೇರಿದರು.

ಸಂಜೆಯಾದರೆ ನನ್ನ ಕಾಲು ತಾನಾಗಿ ಎರಡನೇ ಮಹಡಿಗೆ ಇಳಿಯುತ್ತಿತ್ತು. ಬಾಗಿಲ ಮುಂದೆ ನಿಲ್ಲುತ್ತಿದ್ದೆ. ಬೆಲ್ ಒತ್ತಬೇಕು, ಒತ್ತಿ ಏನು ಹೇಳುವುದು? ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಾರೆಂಬ ಹೆದರಿಕೆಯಿಂದ ಬೆರಳು ಇಳಿಸಿ, ಉಸಿರು ಸಹ ಬಿಡದೆ ಮೇಲೆ ಬಂದುಬಿಡುತ್ತಿದ್ದೆ. ಮೊನ್ನೆ ಸುಪ್ರಿಯಾ ನಾಲ್ಕನೇ ಮಹಡಿಗೆ ಬಂದಳು, ಮುಖ ಸಣ್ಣದಾಗಿತ್ತು.

"ಆಂಟಿ, ಯಾರಿಗೂ ಹೇಳ್ಬೇಡಿ. ಇವರು ಕೆಲಸದಿಂದ ಬರುವುದು ಲೇಟಾಗ್ತದೆ. ಸಂಜೆ ಹೊತ್ತು ನಮ್ಮ ಬಾಗಿಲ ಹೊರಗೆ ಯಾರೋ ಬಂದು ನಿಂತ ಹಾಗಾಗ್ತದೆ. ತೆರೆದ್ರೆ ಯಾರೂ ಇಲ್ಲ. ನನಗೆ ತುಂಬಾ ಹೆದ್ರಿಕೆ. ನೀವು ದಿನಾ ಸ್ವಲ್ಪ ಹೊತ್ತು ಬಂದು ಒಳಗೆ ಕೂತ್ಕೊಳ್ತೀರಾ?"

ಪಾಪದ ಹುಡುಗಿ, ಹೆದರುವವರ ಕಷ್ಟ ನನಗಲ್ಲದೆ ಇನ್ಯಾರಿಗೆ ಗೊತ್ತು? ಖಂಡಿತ ಬರುತ್ತೇನೆ ಎಂದೆ. ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ, ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ ಎಂದೆ. ಹೊರಗೆ ನಿಲ್ಲುವವರು ಯಾರೆಂದು ಮಾತ್ರ ಹೇಳಲಿಲ್ಲ. ಹೇಳಿದರೆ ಅವಳ ಹೆದರಿಕೆ ಹೋಗಿಬಿಟ್ಟೀತು ಎಂದು ಹೆದರಿಕೆ.