ಬಿಸಿಲಿಗೆ ಬೆಳೆಯುವ ವಿಮಾನದ ಮುಚ್ಚಳಕ್ಕೆ

ರಾಯಚೂರು
ಮೇ ತಿಂಗಳು, ೧೯೮೬

ನನ್ನ ಎರಡು ಸೀಟಿನ ವಿಮಾನದ ನೆತ್ತಿಯ ಮೇಲೆ ವಿರಾಜಮಾನರಾಗಿರುವ ಮಾನ್ಯ ಪಾರದರ್ಶಕ ಮುಚ್ಚಳದವರೇ,

ತಮಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮರ್ಯಾದೆಗೆ ಮಾತ್ರ. ಸದ್ಯ ನಾನಿರುವ ಜಾಗದಲ್ಲಿ ಕಾಲು ಚಾಚಲೂ ಆಸ್ಪದವಿಲ್ಲ, ಕಾರಣವನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ. ತಾವಂತೂ ಕ್ಷೇಮವಾಗಿ, ನುಣ್ಣಗೆ, ಹೊಳೆಯುತ್ತಾ ಇರುವುದನ್ನು ಗೇಣು ದೂರದಿಂದ ನೋಡಿ ಸಂತೋಷಪಡುತ್ತಿದ್ದೇನೆ.

ತಮಗೆ ನನ್ನ ಪರಿಚಯ ಇದ್ದೇ ಇದೆ, ಆದರೂ ಇದು ಬಹಿರಂಗ ಪತ್ರವಾದ್ದರಿಂದ ಊರಿನವರಿಗೆ ಹೇಳಿಬಿಡುತ್ತೇನೆ. ನಾನು ಮಾನವಿಯ ಬಂಡಿಗಾಲಿ ಮಾಡುವ ಮನೆತನದ ಮೂಕಪ್ಪ. ವಾಯುಸೇನೆಯಲ್ಲಿ ಫಿಟರ್ ಆಗಿದ್ದು ನಿವೃತ್ತನಾದ ಮೇಲೆ, ಇಲ್ಲಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಹಿಂದಿನ ಖಾಲಿ ಷೆಡ್ಡಿನಲ್ಲಿ, ಹಡಗು ಹತ್ತಿ ಬಂದ ಕಟ್ಟಿಗೆ ಪೆಟ್ಟಿಗೆಗಳಿಂದ ಬಿಡಿಭಾಗಗಳನ್ನು ತೆಗೆತೆಗೆದು ಕೈಯಾರೆ ಈ ವಿಮಾನವನ್ನು ಜೋಡಿಸಿದೆ. ರೆಕ್ಕೆ ಒಪ್ಪಿತು, ಬಾಲ ಒಪ್ಪಿತು, ಎಂಜಿನ್ ಗುಡುಗಿತು. ತಪಾಸಣೆಗೆ ಬಂದ ಅಧಿಕಾರಿಗಳು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ತಮ್ಮ ಅಂಚಿಗೂ ವಿಮಾನದ ಮೈಗೂ ನಡುವಿನ ಸಂದಿಯಲ್ಲಿ ಕಿರುಬೆರಳು ತೂರಿಸಿ, ಅದನ್ನು ಒಳಗೆ ಕೂತಿದ್ದ ನನ್ನ ಮುಂದೆ ಅಲ್ಲಾಡಿಸಿ ತೋರಿಸಿ, ಸಹಿ ಹಾಕದೆ ಜೀಪು ಹತ್ತಿದರು.

ಅಧಿಕಾರಿಗಳ ಬೆರಳನ್ನು ಸಹಿಸಬಹುದು ಸ್ವಾಮಿ, ನನ್ನ ಹೆಂಡತಿ ಚನ್ನಮಲ್ಲಮ್ಮನ ಮಾನದ ಪ್ರಶ್ನೆ ಹಾಗಲ್ಲ. ಆಕೆಯ ತವರು ದೇವದುರ್ಗ. ಬಸ್ಸು ಹತ್ತಿದರೆ ಸಾಕು, ನಡುದಾರಿಯ ಗಬ್ಬೂರು ಬರುವಷ್ಟರಲ್ಲಿ ಆಕೆಗೆ ವಾಂತಿ. ಹೋದ ಸಲ ನಿಂಬೆಹಣ್ಣು ಮೂಸುತ್ತಾ, ನೆನೆದ ಸೆರಗಿನಲ್ಲಿ ತವರಿನ ಹೊಸ್ತಿಲು ತುಳಿದಾಗ ಅಣ್ಣನ ಹೆಂಡತಿ ಬಸ್ಸಮ್ಮ ಬೀಗರೆಲ್ಲರ ಎದುರು, "ಬಂದಾಳ ನೋಡ್ರಿ ನಿಂಬಿಹಣ್ಣಿನ ರಾಣಿ, ಯಾರರ ಒಂದು ಬಕೀಟು ತರ್ರಿ" ಎಂದು ಸ್ವಾಗತಿಸಿದಳು. ನನ್ನವಳೇನು ಕಡಿಮೆಯೇ? "ಅಣ್ಣನ ಮಗಳ ಕುಬಸಕ್ಕ ವಿಮಾನದಾಗ ಬರ್ತೀನಿ, ನೋಡಕೋತ ಇರು" ಎಂದು ಅಲ್ಲೇ ಸಾರಿಬಿಟ್ಟಳು. ಆ ಕುಬಸ ಇವತ್ತು. ಚೊಚ್ಚಲ ಬಸುರಿಯ ಉಡಿ ತುಂಬುವ ಕಾರ್ಯವನ್ನು ತಮ್ಮ ಸಲುವಾಗಿ ಮುಂದೂಡಿ ಎಂದು ಯಾರನ್ನು ಕೇಳಲಿ? ಇಷ್ಟರ ಮೇಲೆ ಚನ್ನಮಲ್ಲಮ್ಮನದೂ ಒಂದು ಷರತ್ತು: "ಸಂದಿ ಮುಚ್ಚೋತನಕ ನಾ ಹತ್ತಂಗಿಲ್ರಿ. ಗಾಳಿಗೆ ನನ್ನ ಹೆರಳಾಗಿನ ಮಲ್ಲಿಗಿ ಗಬ್ಬೂರ ಮ್ಯಾಲೆ ಉದುರಬೇಕೇನು?"

ತಮ್ಮ ಸಂದಿಯನ್ನು ಮುಚ್ಚಲು ನಾನೂ, ಆಟೋ ಸೀಟು ಹೊಲಿಯುವ ಗೆಳೆಯ ವಲಿ ಪಾಷಾನೂ ಪಟ್ಟ ಪಾಡನ್ನು ತಾವು ಬಲ್ಲಿರಿ. ಎಡಕ್ಕೆ ಅರ ಹಾಕಿ ಉಜ್ಜಿದರೆ ಬಲಕ್ಕೆ ಬಾಯಿ ಬಿಟ್ಟಿರಿ. ಮುಂದೆ ಕೂರಿಸಿದರೆ ಹಿಂದೆ ಎದ್ದಿರಿ. ರಬ್ಬರ್ ಪಟ್ಟಿ ಅಂಟಿಸಿದರೆ ಅದಕ್ಕೆ ಮಿಲ್ಲಿನ ಹತ್ತಿ ಹಾರಿ ಬಂದು ಮೆತ್ತಿ, ತಮಗೆ ಬಿಳಿ ಗಡ್ಡ ಬಂತು. ಊದಿನಕಡ್ಡಿ ಹಚ್ಚಿ ಸುತ್ತ ಹಿಡಿದರೆ ಹೊಗೆ ತಮ್ಮೊಳಗೆ ನುಗ್ಗಿ ಸುತ್ತಾಡಿತು, ನೋಡಿದವರು ಪೂಜೆ ಎಂದುಕೊಂಡು ಕೈಮುಗಿದರು. "ಉಸ್ತಾದ್, ಮುಂಜಾನಿ ಟೋಪಿ ಸಣ್ಣದು, ಮಧ್ಯಾಹ್ನ ತಲಿ ಸಣ್ಣದು. ನಾ ಯಾವುದಕ್ಕ ಹೊಲೀಲಿ?" ಎಂದು ವಲಿ ಪಾಷಾ ಸೂಜಿ ಎಸೆದು ಕೂತ.

ಅವನು ಹೇಳಿದ್ದೇ ನಿಜವಾಗಿತ್ತು. ತಾವು ಗಾಜಲ್ಲ, ಪ್ಲಾಸ್ಟಿಕ್, ಬಿಸಿಲೇರಿದಂತೆ ಬೆಳೆಯುವವರು. ತಮ್ಮ ಜೊತೆ ಬಂದ ಕೈಪಿಡಿ, ಮುಚ್ಚಳವನ್ನು ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಕೂರಿಸತಕ್ಕದ್ದು ಎನ್ನುತ್ತದೆ. ಅಂಥ ಕೋಣೆ ರಾಯಚೂರಿನ ಯಾವ ಓಣಿಯಲ್ಲಿದೆ ಎಂದು ಮಾತ್ರ ಬರೆದಿಲ್ಲ. ಕಡೆಗೆ ತಮ್ಮನ್ನು ಕೈಗಾಡಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಐಸ್ ಫ್ಯಾಕ್ಟರಿಗೆ ಒಯ್ದು, ಹಿಮದ ಗಡ್ಡೆಗಳ ನಡುವೆ ನಡುಗುತ್ತಾ ಅಳತೆ ತೆಗೆದೆವು. ಅಲ್ಲಿ ಎಷ್ಟು ವಿಧೇಯರಾಗಿದ್ದಿರಿ! ಬಾಗಿಲು ದಾಟಿ ಬೀದಿಗೆ ಬಂದದ್ದೇ ಮೈದುಂಬಿಕೊಂಡಿರಿ. ಇಷ್ಟು ಬೇಗ ಹವಾಮಾನ ಅರಿಯುವ ತಮ್ಮನ್ನು ಆಕಾಶವಾಣಿಯವರು ಇನ್ನೂ ಗುರುತಿಸದಿರುವುದು ನಮ್ಮ ಜಿಲ್ಲೆಗಾದ ಅನ್ಯಾಯವೇ ಸರಿ.

ನಿನ್ನೆ ಮಧ್ಯಾಹ್ನ ನನ್ನೊಳಗಿನ ಗಾಲಿ ಮಾಡುವವನು ಎಚ್ಚೆತ್ತ. ಬಂಡಿಗಾಲಿಗೆ ಕಬ್ಬಿಣದ ಹಳಿ ತೊಡಿಸುವುದು ಹೇಗೆ? ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ಏರಿಸಿ, ನೀರು ಸುರಿದರೆ ಅದು ಕುಗ್ಗಿ, ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ನಮ್ಮಪ್ಪ ತೊಡಿಸಿದ ಹಳಿ ಬಂಡಿ ಮುರಿದರೂ ಬಿಡುತ್ತಿರಲಿಲ್ಲ. ತಮಗೂ ಅದೇ ಉಪಚಾರವಾಗಲಿ ಎಂದು ನಡುಬಿಸಿಲಿಗೆ ಇಟ್ಟು ಹಿಗ್ಗಿಸಿದೆ. ಒಳಗಿನಿಂದ ಬೆಳಕಿನ ಗೆರೆ ಕಾಣುತ್ತದೆಯೇ ನೋಡಲು ನಾನೇ ಸೀಟಿನಲ್ಲಿ ಕೂತು ತಮ್ಮನ್ನು ಕೆಳಗೆ ಎಳೆದುಕೊಂಡೆ. ವಲಿ ಪಾಷಾ ಹೊರಗಿನಿಂದ ಕೊಡಗಟ್ಟಲೆ ತಣ್ಣೀರು ಸುರಿದ. ತಾವು ಕುಗ್ಗಿದಿರಿ. ಕಚ್ಚಿದಿರಿ. ಸಂದಿ ಮಾಯವಾದದ್ದು ಕಂಡು ನಾನು ಒಳಗೇ ಚಪ್ಪಾಳೆ ತಟ್ಟಿದೆ, ಅವನು ಹೊರಗೆ ಕುಣಿದ. ಆಮೇಲೆ ತೆರೆಯಲು ಹೋದೆ.

ಅಂದಿನಿಂದ, ಅಂದರೆ ನಿನ್ನೆಯಿಂದ, ನಾನು ತಮ್ಮೊಳಗೇ ಇದ್ದೇನೆ. ಹಿಂಭಾಗದಲ್ಲಿ ಕೃಪೆಯಿಟ್ಟು ಉಳಿಸಿರುವ ಗಾಳಿಕಿಂಡಿಯಿಂದ ರೊಟ್ಟಿ ಸುರುಳಿಯಾಗಿ ಬರುತ್ತದೆ, ಪಲ್ಯ ಬರುವುದಿಲ್ಲ. ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಉಡಿ ಸಾಮಾನಿನ ಗಂಟು ಹಿಡಿದು ಬಂದ ಚನ್ನಮಲ್ಲಮ್ಮ ಒಳಗಿದ್ದ ನನ್ನನ್ನು ನೋಡಿದಳು. ಗಂಟು ಕೆಳಗಿಟ್ಟು ಒಂದು ಕಲ್ಲುಗುಂಡು ಎತ್ತಿಕೊಂಡು, "ಒಡದು ಹಾಕ್ಲೇನ್ರಿ?" ಎಂದಳು. ಹುಚ್ಚ ನಾನು, ಎರಡೂ ಕೈ ಜೋಡಿಸಿ ಬೇಡ ಎಂದೆ. ಆಕೆ ಕಲ್ಲು ಕೆಳಗೆ ಹಾಕಿ, "ಹಂಗಾರ ಅದರ ಜೋಡಿನ ಸಂಸಾರ ಮಾಡ್ರಿ" ಎಂದು ಹೇಳಿ, ನಿಂಬೆಹಣ್ಣು ಕೊಂಡು ಸಂಜೆಯ ಬಸ್ಸಿಗೆ ಹೋದಳು. ಆಕೆಯ ಬೆನ್ನು ಗೇಟು ದಾಟಿದಾಗ ನನಗೆ ಅಳು ಬಂತು, ಮುಚ್ಚಿಡುವುದೇಕೆ. ಅತ್ತರೆ ತಾವು ಮಂಜು ಹಿಡಿಯುತ್ತೀರೆಂದು ಅದನ್ನೂ ನುಂಗಿಕೊಂಡೆ.

ಈಗಿನ ಸಂಕಟ ಇಷ್ಟೇ. ನಾನು ಬೇಯದಿರಲಿ ಎಂದು ವಲಿ ಪಾಷಾ ತಮ್ಮ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಾನೆ. ಚೀಲ ಒದ್ದೆಯಾದಷ್ಟೂ ತಾವು ಬಿಗಿಯಾಗುತ್ತೀರಿ. ತಾವು ಸಡಿಲಾಗಲಿ ಎಂದು ಚೀಲ ತೆಗೆದರೆ ನಾನು ಬೆಂದ ಶೇಂಗಾ ಆಗುತ್ತೇನೆ. ಆದಕಾರಣ ಸವಿನಯ ಬಿನ್ನಹ: ತಾವು ಮುಂಜಾನೆಯ ಗಾತ್ರ, ಮಧ್ಯಾಹ್ನದ ಗಾತ್ರಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಂಡು ಊರಿನಲ್ಲಿ ಡಂಗುರ ಸಾರಿಸಬೇಕು, ಅದಾಗದಿದ್ದರೆ ಸೂರ್ಯನಾರಾಯಣರಿಗೆ ಶಿಫಾರಸು ಮಾಡಿ ರಾಯಚೂರಿನ ಮಟ್ಟಿಗೆ ಅವರನ್ನು ದೀರ್ಘ ರಜೆಯ ಮೇಲೆ ಕಳಿಸಬೇಕು, ಅದೂ ಕಷ್ಟವೆನಿಸಿದರೆ ನನ್ನನ್ನು ಈ ಕ್ಷಣವೇ ಹೊರಗೆ ಬಿಡಬೇಕು.

ಇಕ್ಕಟ್ಟಿನಲ್ಲೂ ಗೌರವ ಬಿಡದ,
ತಮ್ಮ ವಿಶ್ವಾಸಿ,
ಮೂಕಪ್ಪ ಫಿಟರ್

ತಾ.ಕ.: ಈಗಷ್ಟೇ ವಲಿ ಪಾಷಾನ ಭಾವ ದೇವದುರ್ಗದ ಬಸ್ಸಿಳಿದು ಸುದ್ದಿ ತಂದಿದ್ದಾನೆ. ನಿನ್ನೆ ಬಸ್ಸಮ್ಮ ಬಾಗಿಲಲ್ಲೇ, "ಎಲ್ಲೈತವಾ ನಿನ್ನ ವಿಮಾನ?" ಎಂದಳಂತೆ. ಚನ್ನಮಲ್ಲಮ್ಮ ನಿಂಬೆಹಣ್ಣನ್ನು ಮೂಗಿನಿಂದ ಸರಿಸಿ, "ನಮ್ಮನಿಯವರು ಮಧ್ಯಾಹ್ನದಿಂದ ವಿಮಾನದಾಗ ಅದಾರ, ಇನ್ನೂ ಕೆಳಗ ಇಳಿದಿಲ್ಲ. ಅವರು ಇಳಿಯೋ ದಾರಿ ಕಾದು ಕಾದು ನಾ ಬಸ್ಸಿಗೆ ಬಂದೆ" ಎಂದಳಂತೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೆಳಗಿನಿಂದ ಬೀಗರೆಲ್ಲ ಮಾಳಿಗೆ ಹತ್ತಿ ಮುಗಿಲು ನೋಡುತ್ತಿದ್ದಾರೆ, ಬಸ್ಸಮ್ಮ ತಾನೇ ಅವರಿಗೆ ಚಹಾ ಹೊತ್ತು ಮೇಲೆ ಕೆಳಗೆ ಓಡಾಡುತ್ತಿದ್ದಾಳಂತೆ. ಸುದ್ದಿ ಕೇಳುತ್ತಾ ವಲಿ ಪಾಷಾ ನೀರು ಚಿಮುಕಿಸುವುದನ್ನು ಮರೆತು ಚೀಲ ಬಿಸಿಲಿಗೆ ಒಣಗಿತ್ತು; ಈ ಮಾತು ಕೇಳಿ ನಾನು ಹಿಗ್ಗುತ್ತಿರುವಾಗಲೇ, ದುಷ್ಟರೇ, ತಾವೂ ಹಿಗ್ಗಿ ಟಕ್ಕನೆ ತೆರೆದುಕೊಂಡಿರಿ. ವಲಿ ಪಾಷಾ "ಇಳೀರಿ ಉಸ್ತಾದ್" ಎಂದು ಕೈ ನೀಡಿದ. ಕುಬಸ ಮುಗಿದು, ಬೀಗರು ಉಂಡು, ಆಕೆ ತಲೆಯೆತ್ತಿ ವಾಪಸು ಬರುವವರೆಗೂ ಇಳಿಯುವುದಿಲ್ಲವೆಂದು ಹೇಳಿ, ತಮ್ಮನ್ನು ನಾನೇ ಎಳೆದು ಮುಚ್ಚಿಕೊಂಡು ಕೂತಿದ್ದೇನೆ.