ಮಗಳೊಬ್ಬಳನ್ನೇ ಚಿಂತಾಮಣಿಗೆ ಕಳಿಸಿದ್ದು

"ನನ್ನ ಮಗಳು ಒಬ್ಬಳೇ ಚಿಂತಾಮಣಿಗೆ ಹೋಗ್ತಾಳೆ! ಎರಡು ಬಸ್ಸು ಬದಲಾಯಿಸ್ಕೊಂಡು! ಜೊತೆಗೆ ಒಂದು ನರಪಿಳ್ಳೆಯೂ ಇರಲ್ಲ!"

ಗೌರಿಬಿದನೂರಿನ ಕಚೇರಿಯಲ್ಲಿ ಕೆಂಪರಾಜು ಹೀಗೆ ಘೋಷಿಸಿದಾಗ ಎದುರು ಮೇಜಿನ ಬಯ್ಯಪ್ಪ ಕುಡಿಯುತ್ತಿದ್ದ ಟೀ ಲೋಟ ಕೆಳಗಿಟ್ಟ.

"ಹದಿನಾರು ವರ್ಷದ ಹುಡುಗೀನ? ಯಾವ ಧೈರ್ಯದ ಮೇಲೆ ಕಳಿಸ್ತಿದೀಯಪ್ಪ?"

"ಧೈರ್ಯ ಸ್ಕೂಲಲ್ಲಿ ಸಿಗಲ್ಲ ಬಯ್ಯಪ್ಪ. ಅದನ್ನ ನಾನು ಮನೇಲಿ ಹೇಳಿಕೊಟ್ಟಿದೀನಿ!"

ಹೇಳುವಾಗ ಕೆಂಪರಾಜುವಿನ ಎದೆ ಉಬ್ಬಿದ್ದು ನಿಜ. ಆದರೆ ಅದೇ ಗಳಿಗೆಯಲ್ಲಿ ಅವನ ಬೆರಳು ಮೇಜಿನ ಕೆಳಗೆ ಫೋನಿನಲ್ಲಿ ಚಿಂತಾಮಣಿ ಬಸ್ಸಿನ ವೇಳೆ ಹುಡುಕುತ್ತಿತ್ತು.

ಮಗಳ ಹೆಸರು ಸಂಘಮಿತ್ರ. ಕೊರೊನಾ ಕಾಲದಲ್ಲಿ ಸ್ಕೂಲು ಮುಚ್ಚಿ ಮನೆಯಲ್ಲಿ ಕುಳಿತವಳು, ಸ್ಕೂಲು ತೆರೆದ ಮೇಲೆ "ನಾನು ಇಲ್ಲೇ ಓದ್ತೀನಿ ಅಪ್ಪ" ಅಂದಳು. ಅಪ್ಪ ಅಮ್ಮ ಒಂದು ತಿಂಗಳು ಯೋಚಿಸಿ ಒಪ್ಪಿದರು. ನೆಂಟರು ಒಪ್ಪಲಿಲ್ಲ. ಸ್ಕೂಲು ಬಿಡಿಸಿ ಹುಡುಗಿಯ ಬಾಳು ಹಾಳು ಮಾಡಿದ, ನಾಳೆ ಇವಳಿಗೆ ಹೊರಗಿನ ಪ್ರಪಂಚ ಗೊತ್ತಾಗೋದು ಹೇಗೆ ಎಂದು ಪ್ರತಿ ಮದುವೆ ಮನೆಯಲ್ಲೂ ಕೇಳಿದರು. ಕೆಂಪರಾಜು ಪ್ರತಿ ಮದುವೆ ಮನೆಯಲ್ಲೂ ಭಾಷಣ ಮಾಡಿದ. ಊಟದ ಎಲೆ ಒಣಗಿದರೂ ಭಾಷಣ ನಿಲ್ಲುತ್ತಿರಲಿಲ್ಲ.

ಹುಡುಗಿ ಮಾತ್ರ ತನ್ನ ಪಾಡಿಗೆ ಬೆಳೆದಳು. ತಾಯಿ ಜ್ಯೋತಿಲಕ್ಷ್ಮಿಯ ಹೊಲಿಗೆ ಮಿಷನ್ ಒಮ್ಮೆ ಕೆಟ್ಟು, ರಿಪೇರಿಯವನು ಬಾರದೆ ಹೋದಾಗ, ಅದನ್ನು ಪೂರ್ತಿ ಬಿಚ್ಚಿ ಹಾಸಿಗೆಯ ಮೇಲೆ ಹರಡಿದಳು. ನಾಲ್ಕು ದಿನ ಮನೆಮಂದಿಯೆಲ್ಲ ನೆಲದ ಮೇಲೆ ಮಲಗಿದರು. ಐದನೆಯ ದಿನ ಮಿಷನ್ ಓಡಿತು. ಒಂದು ಸ್ಕ್ರೂ ಮಿಕ್ಕಿತ್ತು, ಅದು ಬೇರೆ ಮಾತು! ಆಮೇಲೆ ಬೀದಿಯ ಮಿಷನ್‌ಗಳೆಲ್ಲ ಇವಳ ಕೈಗೇ ಬಂದವು. ಹತ್ತನೇ ತರಗತಿಯ ಪರೀಕ್ಷೆಯನ್ನು ಮುಕ್ತ ಶಾಲೆಯ ಮೂಲಕ ಕಟ್ಟಿ, ಬೆಳಿಗ್ಗೆ ಪುಸ್ತಕ, ಮಧ್ಯಾಹ್ನ ಸ್ಕ್ರೂಡ್ರೈವರ್ ಎಂದು ಬದುಕುತ್ತಿದ್ದಳು. ಅವಳು ಫೋನಿನಲ್ಲಿ ಹಾಕಿದ್ದ ರಿಪೇರಿ ವಿಡಿಯೋ ನೋಡಿ, ಚಿಂತಾಮಣಿಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಅಶ್ವತ್ಥಮ್ಮ ಎಂಬುವರು ಕರೆ ಮಾಡಿದ್ದರು. "ಶನಿವಾರ ಬಂದು ನಮ್ಮ ಇಪ್ಪತ್ತು ಜನಕ್ಕೆ ಮಿಷನ್ ರಿಪೇರಿ ಹೇಳ್ಕೊಡಮ್ಮ."

"ಒಬ್ಬಳೇ ಹೋಗ್ತೀನಿ" ಅಂದಳು ಸಂಘಮಿತ್ರ.

"ಹೋಗ್ಲಿ ಬಿಡ್ರಿ" ಅಂದಳು ಜ್ಯೋತಿಲಕ್ಷ್ಮಿ.

"ಹೋಗಲೇಬೇಕು!" ಎಂದು ಗುಡುಗಿದ ಕೆಂಪರಾಜು ಅವತ್ತಿನಿಂದ ರಾತ್ರಿಯೆಲ್ಲ ಸೂರು ನೋಡುತ್ತ ಕೇಡುಗಳನ್ನು ಎಣಿಸತೊಡಗಿದ. ತಪ್ಪು ಬಸ್ಸು ಹತ್ತಿ ಹಿಂದೂಪುರಕ್ಕೆ ಹೋಗಿಬಿಟ್ಟರೆ? ಯಾರಾದರೂ ಬಿಸ್ಕತ್ತಿನಲ್ಲಿ ಮತ್ತು ಬರುವ ಔಷಧಿ ಹಾಕಿ ಕೊಟ್ಟರೆ? ಯಾವನಾದರೂ ಹಿಂಬಾಲಿಸಿದರೆ? ಹುಡುಗಿಗೆ ಏನಾದರೂ ಆದರೆ ನೆಂಟರೆಲ್ಲ ಬೆರಳು ತೋರಿಸುವುದು ಯಾರ ಕಡೆಗೆ? ನಿಜವಾಗಿ ತಾನೇ ಅವಳನ್ನು ನಾಲ್ಕು ಗೋಡೆಯೊಳಗೆ ಕೂರಿಸಿ ಕೆಡಿಸಿಬಿಟ್ಟಿದ್ದರೆ? ಈ ಕೊನೆಯ ಪ್ರಶ್ನೆ ಬಂದಾಗಲೆಲ್ಲ ಅವನು ಎದ್ದು ದೀಪ ಹಾಕಿ ನೀರು ಕುಡಿಯುತ್ತಿದ್ದ.

ಶನಿವಾರ ಬೆಳಿಗ್ಗೆ ಮಗಳ ತಲೆ ಸವರಿ, "ಹೋಗಿ ಬಾರಮ್ಮ. ಪ್ರಪಂಚ ನಿಂದು!" ಎಂದು ಬೀಳ್ಕೊಟ್ಟ. ಮರುನಿಮಿಷವೇ ಹೆಂಡತಿಯ ಕಡೆ ತಿರುಗಿ, "ನಂಗೂ ಚಿಕ್ಕಬಳ್ಳಾಪುರದಲ್ಲಿ ಮೀಟಿಂಗಿದೆ" ಅಂದ.

"ಶನಿವಾರ ಎಂಥ ಮೀಟಿಂಗು?"

"ಸರ್ಕಾರಕ್ಕೆ ಶನಿವಾರ ಏನು, ಭಾನುವಾರ ಏನು!"

ಮನೆಯ ಹಿಂದಿನ ಸಂದಿಯಲ್ಲಿ ನಿಂತು ವೇಷ ಕಟ್ಟಿದ. ತಲೆಗೆ ಮಂಕಿ ಕ್ಯಾಪ್, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕಪ್ಪು ಕನ್ನಡಕ, ಮೈಮೇಲೆ ಪಕ್ಕದ ಮನೆಯ ವೆಂಕಟರಾಯಪ್ಪನವರಿಂದ ಎರವಲು ತಂದ ಕರಿ ಕಂಬಳಿ. ಮಾರ್ಚ್ ತಿಂಗಳ ಬಿಸಿಲು. ಇಡೀ ತಾಲ್ಲೂಕಿನಲ್ಲಿ ಆ ದಿನ ಮಂಕಿ ಕ್ಯಾಪ್ ಹಾಕಿದ್ದವನು ಅವನೊಬ್ಬನೇ ಇದ್ದಿರಬೇಕು. ಯಾರ ಕಣ್ಣಿಗೂ ಬೀಳಬಾರದೆಂದು ಹೊರಟವನನ್ನು ಬಸ್ ಸ್ಟ್ಯಾಂಡಿನ ನಾಯಿಗಳು ಸೇರಿದಂತೆ ಸಮಸ್ತರೂ ತಿರುಗಿ ನೋಡಿದರು.

ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರು. ಸಂಘಮಿತ್ರ ಮೂರನೇ ಸಾಲಿನ ಕಿಟಕಿಯ ಪಕ್ಕ, ಸ್ಪ್ಯಾನರುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳ ಪಕ್ಕದಲ್ಲಿ ಕೊಂಡಮ್ಮ ಎಂಬ ದಪ್ಪನೆಯ ಹಿರಿಯ ಹೆಂಗಸು. ಕೈವಾರದವಳು, ಮಾತಿನಲ್ಲಿ ತೆಲುಗು ಬೆರೆಸುವವಳು, ಮಗಳ ಮನೆಯಿಂದ ಊರಿಗೆ ವಾಪಸು ಹೊರಟಿದ್ದಳು. ಕೆಂಪರಾಜು ಕೊನೆಯ ಸೀಟಿನಲ್ಲಿ ಮುದುರಿ ಕುಳಿತ.

"ಎಲ್ಲಿಗೆ?" ಅಂದ ಕಂಡಕ್ಟರು.

ಕೆಂಪರಾಜುವಿನ ಕಣ್ಣು ಮಗಳ ಜಡೆಯ ಮೇಲಿತ್ತು. "ಆ ಹುಡುಗಿ ಎಲ್ಲಿ ಇಳೀತಾಳೋ ಅಲ್ಲಿಗೆ" ಎಂದು ಬಾಯಿ ತಪ್ಪಿ ಬಂತು.

"ಏನಂದ್ರಿ?"

"ಚಿಕ್ಕಬಳ್ಳಾಪುರ! ಚಿಕ್ಕಬಳ್ಳಾಪುರ ಅಂದೆ!"

ಕಂಡಕ್ಟರು ಅವನನ್ನು ಕ್ಯಾಪಿನಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿ ಟಿಕೆಟ್ ಹರಿದುಕೊಟ್ಟ.

ದಾರಿಯುದ್ದಕ್ಕೂ ಕೆಂಪರಾಜುವಿಗೆ ಒಂದು ನಿಮಿಷ ನೆಮ್ಮದಿ ಇರಲಿಲ್ಲ. ಯಾರೋ ಕೆಮ್ಮಿದರೆ ಸಂಜ್ಞೆ ಅನ್ನಿಸಿತು. ಕಡಲೆಕಾಯಿ ಮಾರುವವನು ಮಗಳ ಕಿಟಕಿಯ ಬಳಿ ನಿಂತಾಗ ಎದ್ದೇ ನಿಂತ. ಮನಸ್ಸಿನ ಸಮಾಧಾನಕ್ಕೆಂದು ಫೋನಿನಲ್ಲಿ ಅವಳ ಫೋಟೋ ತೆಗೆದುಕೊಂಡ. ಐದು ನಿಮಿಷಕ್ಕೊಂದು. ಎಲ್ಲದರಲ್ಲೂ ಅವಳ ಬೆನ್ನು, ಅವಳ ಜಡೆ.

ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದ ಸಂಘಮಿತ್ರ ಹೆಂಗಸರ ಶೌಚಾಲಯಕ್ಕೆ ಹೋದಳು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಒಳಗೆ ತಲೆಸುತ್ತಿ ಬಿದ್ದಿದ್ದರೆ? ಹಿಂದೆ ಇನ್ನೊಂದು ಬಾಗಿಲಿದ್ದರೆ? ಕೆಂಪರಾಜು ಕಂಬಳಿ ಬಿಗಿಹಿಡಿದು ಬಾಗಿಲಿನತ್ತ ಕತ್ತು ಚಾಚಿದ.

"ಏಯ್! ಕಣ್ಣು ಕಾಣಲ್ವಾ? ಲೇಡೀಸ್ ಅಂತ ಬೋರ್ಡಿಲ್ವಾ?" ಕಾವಲಿದ್ದ ಹೆಂಗಸು ಪೊರಕೆ ಎತ್ತಿಕೊಂಡು ಬಂದಳು. ಅವಳ ಹಿಂದೆಯೇ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದವಳು ಕೊಂಡಮ್ಮ! ಕೆಂಪರಾಜು ಎಳನೀರಿನ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಅಡಗಿ ಕುಳಿತ. ಅವನ ಗುಂಡಿಗೆ ಬಡಿಯುವ ಸದ್ದು ಎಳನೀರಿನವನಿಗೂ ಕೇಳಿಸಿರಬೇಕು. "ಡಾಕ್ಟರ ಹತ್ರ ಹೋಗಿ ಯಜಮಾನ್ರೇ" ಅಂದ.

ಚಿಂತಾಮಣಿ ಬಸ್ಸಿನಲ್ಲೂ ಸಂಘಮಿತ್ರ, ಕೊಂಡಮ್ಮ ಅಕ್ಕಪಕ್ಕದಲ್ಲೇ ಕುಳಿತರು. ಕೆಂಪರಾಜು ಮತ್ತೆ ಹಿಂದೆ. ಈ ಸಲ ಅವರಿಬ್ಬರೂ ತಲೆ ಸೇರಿಸಿ ಮೆಲ್ಲಗೆ ಮಾತಾಡುತ್ತಿದ್ದರು. ಈ ಮುದುಕಿಯೇ ಮಕ್ಕಳ ಕಳ್ಳಿಯಾಗಿದ್ದರೆ? ಕೆಂಪರಾಜುವಿಗೆ ಹೊಸ ಭಯ ಹತ್ತಿಕೊಂಡಿತು!

ಶಿಡ್ಲಘಟ್ಟದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಸಂಘಮಿತ್ರ ಕಂಡಕ್ಟರಿಗೆ ಏನೋ ಹೇಳಿ ಸರಸರ ಇಳಿದುಹೋದಳು. ಅದೇ ಹೊತ್ತಿಗೆ ಕೆಂಪರಾಜುವಿನ ಫೋನು ಕಿರುಚಿಕೊಂಡಿತು. ಬಯ್ಯಪ್ಪ! ವೇಷದ ಗುಟ್ಟು ಗೊತ್ತಿದ್ದವನು ಅವನೊಬ್ಬನೇ.

"ಎಲ್ಲಿದೀಯಪ್ಪ? ಹುಡುಗಿ ಹೆಂಗಿದಾಳೆ?"

ಕೆಂಪರಾಜು ಬಾಯಿಗೆ ಕಂಬಳಿ ಅಡ್ಡ ಹಿಡಿದು ಪಿಸುಗುಟ್ಟಿದ. ಬಸ್ಸಿನ ಇಂಜಿನ್ ನಿಂತಿದ್ದರಿಂದ ಪಿಸುಮಾತು ಡ್ರೈವರನವರೆಗೂ ಕೇಳಿಸಿತು.

"ಹುಡುಗಿ ಈಗ ಇಳಿದ್ಲು. ಒಬ್ಬಳೇ ಇದಾಳೆ. ಅನುಮಾನ ಬಂದಿಲ್ಲ. ನಾನು ಹಿಂದೇನೇ ಹೋಗ್ತಿದೀನಿ."

ಎದ್ದು ಬಾಗಿಲಿನತ್ತ ಓಡಿದ. ನಡುದಾರಿಯಲ್ಲಿ ಕೊಂಡಮ್ಮ ಗೋಡೆಯಂತೆ ನಿಂತಿದ್ದಳು.

"ಎವರ್ರಾ ನುವ್ವು? ಯಾರೋ ನೀನು? ಹೆಣ್ಮಗು ಹಿಂದೆ ಬಿದ್ದು ಬರ್ತಿದೀಯ?"

"ದಾರಿ ಬಿಡಿ ತಾಯಿ, ಹುಡುಗಿ ಕಾಣ್ತಿಲ್ಲ!"

"ಕಾಣ್ದೇ ಇರೋದು ನಿಂಗೆ ಕಷ್ಟ ಆಯ್ತೇನೋ? ಇವ್ನು ಅಲ್ಲಿ ಹೆಂಗಸ್ರ ಲೆಟ್ರಿನ್ನಿಗೇ ನುಗ್ತಿದ್ದ ಕಣ್ರಮ್ಮಾ!"

ಬಸ್ಸಿನ ಹೆಂಗಸರೆಲ್ಲ ಎದ್ದರು. ಬುತ್ತಿ ಚೀಲ, ಕೊಡೆ, ನುಗ್ಗೆಕಾಯಿ ಕಟ್ಟು, ಕೈಗೆ ಸಿಕ್ಕಿದ್ದೆಲ್ಲ ಮೇಲೆದ್ದಿತು. ಕೆಂಪರಾಜು ಕನ್ನಡಕ, ಮಾಸ್ಕ್, ಕ್ಯಾಪ್ ಒಂದೊಂದಾಗಿ ಕಿತ್ತುಹಾಕಿದ. ಬೆವರಿನಲ್ಲಿ ನೆಂದ ಮುಖ ಬೇಯಿಸಿದ ಗೆಣಸಿನಂತಿತ್ತು.

"ನಾನು ಅವಳಪ್ಪ! ಸತ್ಯವಾಗ್ಲೂ ಅವಳಪ್ಪ!"

"ಅಪ್ಪ ಆಗಿದ್ರೆ ಪಕ್ಕದಲ್ಲಿ ಕೂತು ಬರ್ತಿದ್ದೆ. ಕಂಬಳಿ ಹೊದ್ಕೊಂಡು ಬರ್ತಿದ್ಯಾ?" ಅಂದಳು ಕೊಂಡಮ್ಮ.

"ಫೋಟೋ ತೋರಿಸ್ತೀನಿ, ನೋಡಿ!" ಫೋನು ತೆರೆದು ಚಾಚಿದ. ಕಂಡಕ್ಟರು ಒಂದೊಂದೇ ಫೋಟೋ ಸರಿಸಿದ. ಬೆನ್ನು. ಜಡೆ. ಬೆನ್ನು. ಜಡೆ.

"ಎಲ್ಲಾ ಹಿಂದಿನಿಂದ ಕದ್ದು ತೆಗೆದಿರೋದು! ಬೋ ಹಳೇ ಕಳ್ಳ ಇವ್ನು!" ಎಂದು ಕಂಡಕ್ಟರು ಉದ್ಗರಿಸಿದ. ಆಮೇಲೆ ವಕೀಲನ ಗತ್ತಿನಲ್ಲಿ, "ಅಪ್ಪ ಅಂತೀಯಲ್ಲ, ಮಗಳು ಯಾವ ಸ್ಕೂಲು ಹೇಳು ನೋಡಣ?"

"ಸ್ಕೂಲು... ಸ್ಕೂಲಿಗೆ ಹೋಗಲ್ಲ."

"ಯಾವ ಕ್ಲಾಸು?"

"ಕ್ಲಾಸಿಲ್ಲ. ಪರೀಕ್ಷೆ ಇದೆ."

"ಮೇಷ್ಟ್ರು ಯಾರು?"

"ಮೇಷ್ಟ್ರೂ ಇಲ್ಲ. ಅವಳೇ."

"ಸ್ಕೂಲಿಲ್ವಂತೆ, ಕ್ಲಾಸಿಲ್ವಂತೆ, ಮೇಷ್ಟ್ರಿಲ್ವಂತೆ! ಮಗಳೂ ಇಲ್ಲ ಕಣ್ರೋ ಇವ್ನಿಗೆ!" ಎಂದಳು ಕೊಂಡಮ್ಮ.

ಐದು ವರ್ಷ ಮದುವೆ ಮನೆಗಳನ್ನು ನಡುಗಿಸಿದ ಭಾಷಣದ ಒಂದು ಸಾಲೂ ಕೆಂಪರಾಜುವಿಗೆ ನೆನಪಾಗಲಿಲ್ಲ. ನುಗ್ಗೆಕಾಯಿ ಕಟ್ಟು ಮೂಗಿನಿಂದ ಗೇಣುದೂರದಲ್ಲಿತ್ತು.

ಆಗ ಬಾಗಿಲ ಬಳಿ ಮಗಳ ದನಿ ಕೇಳಿಸಿತು.

"ಬನ್ನಿ ಮೇಡಂ, ಹಿಂದಿನ ಸೀಟಲ್ಲಿದಾನೆ. ಗೌರಿಬಿದನೂರಿಂದ ನನ್ ಹಿಂದೇನೇ ಬರ್ತಿದಾನೆ. ಕರಿ ಕಂಬಳಿ..."

ಮಹಿಳಾ ಪೊಲೀಸ್ ಒಬ್ಬರನ್ನು ಕರೆದುಕೊಂಡು ಮೆಟ್ಟಿಲು ಹತ್ತಿದ ಸಂಘಮಿತ್ರ ಅಲ್ಲೇ ನಿಂತುಬಿಟ್ಟಳು. ಬಲಗೈಯಲ್ಲಿ ಎಲ್ಲಕ್ಕಿಂತ ದೊಡ್ಡ ಸ್ಪ್ಯಾನರನ್ನು ಬಿಗಿಯಾಗಿ ಹಿಡಿದಿದ್ದಳು.

"ಅಪ್ಪಾ?"

ನುಗ್ಗೆಕಾಯಿ ಕೆಳಗಿಳಿಯಿತು.

"ಹೆದರ್ಕೋಬೇಡ ತಲ್ಲಿ, ನಿಜ ಹೇಳಮ್ಮ" ಅಂದಳು ಕೊಂಡಮ್ಮ. ಅವಳಿಗೆ ಇನ್ನೂ ಅವನನ್ನು ಬಡಿಯುವ ಆಸೆ ಪೂರ್ತಿ ಹೋಗಿರಲಿಲ್ಲ.

"ನಮ್ಮಪ್ಪಾನೇ ಅಜ್ಜಿ" ಎಂದ ಸಂಘಮಿತ್ರಳ ಕಣ್ಣು ತುಂಬಿತು. "ಬೆಳಿಗ್ಗೆಯಿಂದ ಎಷ್ಟು ಭಯ ಆಯ್ತು ಗೊತ್ತಾ ಅಪ್ಪ ನಂಗೆ? ಲೇಡೀಸ್ ಟಾಯ್ಲೆಟ್ಟಿಂದ ಆಚೆ ಬರಕ್ಕೇ ಆಗ್ಲಿಲ್ಲ. ಅಜ್ಜಿಗೆ ಹೇಳ್ದೆ. ಕಂಡಕ್ಟರಿಗೆ ಹೇಳ್ದೆ. ಮನೆಗೆ ಮಾತ್ರ ಫೋನ್ ಮಾಡ್ಲಿಲ್ಲ, ನೀನು ಗಾಬರಿ ಆಗ್ತೀಯ ಅಂತ."

ಬೆಳಗಿನಿಂದ ಕೆಂಪರಾಜು ಊಹಿಸಿಕೊಂಡ ಕೇಡುಗಳಲ್ಲಿ ಮಗಳ ಪಾಲಿಗೆ ನಿಜವಾಗಿ ಬಂದೊದಗಿದ್ದು ಒಂದೇ. ಅದು ಅವನೇ! ಅವನು ತಲೆ ತಗ್ಗಿಸಿ ಕಂಬಳಿಯ ಅಂಚನ್ನು ಹಿಸುಕುತ್ತ ನಿಂತ.

ಪೊಲೀಸಿನವರು ಇಬ್ಬರನ್ನೂ ಕೆಳಗಿಳಿಸಿಕೊಂಡು ಒಂದು ಹಾಳೆ ಚಾಚಿದರು. "ಏನೂ ತೊಂದ್ರೆ ಇಲ್ಲ ಅಂತ ಬರ್ದು ಸೈನ್ ಮಾಡಿ." ಕೆಂಪರಾಜು ಪೆನ್ನಿಗೆ ಕೈ ಚಾಚಿದ. "ನೀವಲ್ಲ ಸಾರ್" ಎಂದು ಪೆನ್ನನ್ನು ಸಂಘಮಿತ್ರಳಿಗೆ ಕೊಟ್ಟರು. ಅವಳು ಒಂದೇ ಒಂದು ತಪ್ಪಿಲ್ಲದೆ ದುಂಡಗೆ ಬರೆದು, ವಿಳಾಸ, ಫೋನ್ ನಂಬರು, ಸಮಯ ಸಮೇತ ಸಹಿ ಹಾಕಿದಳು. "ಎಷ್ಟು ಚೆನ್ನಾಗಿ ಬರೀತೀಯಮ್ಮ, ಯಾವ ಸ್ಕೂಲು?" ಅಂದರು ಪೊಲೀಸಿನವರು. ಅಪ್ಪ ಮಗಳು ಇಬ್ಬರೂ ಬಸ್ಸಿನ ಕಡೆ ಓಡಿದರು. ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಚಿಂತಾಮಣಿಯವರೆಗೆ ಕೊಂಡಮ್ಮ ತನ್ನ ಸೀಟನ್ನು ಅವನಿಗೇ ಬಿಟ್ಟುಕೊಟ್ಟಳು. "ಮಗಳ ಪಕ್ಕ ಕೂತ್ಕೋ ನಾಯನಾ. ಕಂಬಳಿ ಇಲ್ಲಿ ಕೊಡು, ನೋಡಿದ್ರೇ ಸೆಕೆ ಆಗುತ್ತೆ." ಅರ್ಧ ದಾರಿಯಲ್ಲಿ ಸಂಘಮಿತ್ರ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅವನ ಕೈಗೆ ಕೊಟ್ಟಳು. ಕೆಂಪರಾಜು ಗಟಗಟ ಕುಡಿದ.

ಹೊಲಿಗೆ ಕೇಂದ್ರದಲ್ಲಿ ಇಪ್ಪತ್ತು ಮಿಷನ್, ಇಪ್ಪತ್ತು ಹೆಂಗಸರು ಕಾದಿದ್ದರು. ಅಶ್ವತ್ಥಮ್ಮ ಬಾಗಿಲಿಗೇ ಬಂದು ಸಂಘಮಿತ್ರಳ ಕೈ ಹಿಡಿದುಕೊಂಡು, ಅವಳ ಬೆನ್ನ ಹಿಂದೆ ಕೆದರಿದ ತಲೆಯಲ್ಲಿ ನಿಂತಿದ್ದ ಮನುಷ್ಯನನ್ನು ನೋಡಿದರು.

"ಒಬ್ಬಳೇ ಬರ್ತೀನಿ ಅಂದಿದ್ಯಲ್ಲಮ್ಮ. ಇವರು?"

"ನಮ್ಮಪ್ಪ ಮೇಡಂ" ಎಂದಳು ಸಂಘಮಿತ್ರ, ಚೀಲ ಬಿಚ್ಚುತ್ತ. "ಒಬ್ಬರನ್ನೇ ಬಿಟ್ಟು ಬಂದ್ರೆ ಹೆದರ್ಕೋತಾರೆ. ಅದಕ್ಕೇ ಕರ್ಕೊಂಡು ಬಂದೆ."