ನಾಳಿನ ಹಾಲು ಹೇಳೂ ಅಕ್ಕೋರು

ನಾ ಮಾಡೂ ಕೆಲಸದಾಗ ನಗಿ ಹುಡಿಕ್ಕೊಂಡು ಹೋಗಬೇಕಾಗಿಲ್ಲ, ವಾರಕ್ಕೊಮ್ಮೆ ಅದ ನನ್ನ ಹುಡಿಕ್ಕೊಂಡು ಬರತೈತಿ. ರಾಮದುರ್ಗದ ಒಂದು ಹೈಸ್ಕೂಲಿನ್ಯಾಗ ಹನ್ನೊಂದು ವರ್ಷ ಗಣಿತ ಕಲಿಸಿದಾಕಿ ನಾನು. ಮೂವತ್ತಾರು ತುಂಬಿದ ಮ್ಯಾಲ ಏನು ತಲಿ ತಿರುಗಿತೋ, ಮನ್ಯಾಗ ಕುಂತು ಡೇಟಾ ಸೈನ್ಸ್ ಕಲತು, ಬೆಳಗಾವಿಯ ಒಂದು ಸಣ್ಣ ಕಂಪನಿ ಸೇರಿಕೊಂಡ್ನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಕು ತಾಲೂಕಿನ ಹಳ್ಳಿ ಡೇರಿಗಳಿಗೆ ನಾಳಿ ಮುಂಜಾನಿ ಎಷ್ಟು ಹಾಲು ಬರತೈತಿ ಅಂತ ಇವತ್ತ ಹೇಳೂದು ನನ್ನ ಕೆಲಸ. ಅಷ್ಟು ಗೊತ್ತಾದ್ರ ಟ್ಯಾಂಕರ್ ಯಾವ ಊರಿಗೆ ಮೊದಲು ಹೋಗಬೇಕು ಅನ್ನೂದು ಗೊತ್ತಾಗತೈತಿ. ಆರು ತಿಂಗಳು ನನಗ ಪರೀಕ್ಷೆ. ಹೇಳಿದ್ದು ಖರೇ ಆದ್ರ ಕಾಯಂ, ಇಲ್ಲಾಂದ್ರ ಮನಿ. ಸಾಲಿಗೆ ರಾಜೀನಾಮೆ ಕೊಟ್ಟ ಬಂದಿದ್ನಿ, ತಿರುಗಿ ಹೋಗೂ ಹಾದಿ ಇರಲಿಲ್ಲ.

ನಮ್ಮಪ್ಪ ಟೇಲರ್. ದಿನಾ ಮುಂಜಾನಿ ಬುದ್ಧನ ಫೋಟೋದ ಮುಂದ ಕಣ್ಣು ಮುಚ್ಚಿ ಅರ್ಧ ತಾಸು ಕೂಡತಾನ. ಹೊಸಾ ಕೆಲಸ, ತಲಿ ಬಿಸಿ ಆಗತೈತಿ, ಗಡಿಬಿಡಿ ಮಾಡಬ್ಯಾಡ, ದಿನಾ ಕುಂತು ನಿನ್ನ ಉಸಿರು ನೀನ ನೋಡು ಅಂತ ಹೇಳಿದ. ಒಂದು ವಾರ ನಿಷ್ಠೆಯಿಂದ ಕುಂತ್ನಿ. ಎಂಟನೇ ದಿನ ಹೋಗಿ ವರದಿ ಒಪ್ಪಿಸಿದ್ನಿ: ನಿಮಿಷಕ್ಕ ಸರಾಸರಿ ಹದಿನಾಕು ಉಸಿರು, ಸೋಮವಾರ ಸ್ವಲ್ಪ ಜಾಸ್ತಿ. ಅಪ್ಪ ಸೂಜಿಗೆ ದಾರ ಪೋಣಿಸೂದು ಬಿಟ್ಟು ನನ್ನ ನೋಡಿದ.

"ಉಸಿರು ನೋಡು ಅಂದಿದ್ನಿ. ಅದರ ಹಾಜರಿ ತಗೀ ಅಂದಿರಲಿಲ್ಲ."

೧. ಒಂದು ನಿಮಿಷ ಸುಮ್ಮನಿರ್ರಿ

ನಮ್ಮ ಮ್ಯಾನೇಜರಿಗೂ ಈ ಶಾಂತಿ ಸಮಾಧಾನದ ಹುಚ್ಚು ಹತ್ತಿತ್ತು. ಪ್ರತಿ ಸೋಮವಾರ ಲ್ಯಾಪ್‌ಟಾಪಿನ್ಯಾಗ ಮೀಟಿಂಗ್. ಅಂಕಿಸಂಖ್ಯೆ ಮಾತಾಡೂಕಿಂತ ಮೊದಲ ಎಲ್ಲಾರೂ ಒಂದು ನಿಮಿಷ ಕಣ್ಣು ಮುಚ್ಚಿ, ತಲಿ ತಗ್ಗಿಸಿ, ಸುಮ್ಮನ ಕೂಡಬೇಕು. ಮನಸ್ಸು ತಿಳಿ ಆದ ಮ್ಯಾಲ ಕೆಲಸ.

ಒಂದು ಸೋಮವಾರ ಅದ ನಿಮಿಷಕ್ಕ ನಮ್ಮವ್ವ ಚಹಾ ತಗೊಂಡು ಒಳಗ ಬಂದ್ಲು. ಪರದೆ ಮ್ಯಾಲ ಎಂಟು ಮಂದಿ ಕಣ್ಣು ಮುಚ್ಚಿ ತಲಿ ತಗ್ಗಿಸಿದ್ದು ಕಂಡಿತು. ನಾನೂ ಹಂಗ ಕುಂತಿದ್ನಿ. ನಮ್ಮ ಕಡೆ ಮಂದಿ ಕೂಡಿ ಹಿಂಗ ಸುಮ್ಮನಿದ್ರ ಅದಕ್ಕ ಒಂದ ಅರ್ಥ. ಅವ್ವ ಕಪ್ಪು ಇಟ್ಟು, ತಲಿ ಮ್ಯಾಲ ಸೆರಗು ಹೊದ್ದುಕೊಂಡು, ಸಪ್ಪಳಾಗದಂಗ ಹೊರಗ ಹೋದ್ಲು.

ನಾವು ಕಣ್ಣು ತೆರೆದು ಕಿತ್ತೂರು ಕಡೆಯ ಹಾಲಿನ ಮಾತು ಶುರು ಮಾಡಿದ್ವಿ. ಐದು ನಿಮಿಷ ಆಗಿಲ್ಲ, ನನ್ನ ಬೆನ್ನ ಹಿಂದ ಅವ್ವ, ಬಾಜೂಮನಿ ಕಾಕು, ಎದುರು ಮನಿ ಅಜ್ಜಿ ಬಂದು ನಿಂತ್ರು. ಮ್ಯಾನೇಜರ್ ಮಾತು ನಿಲ್ಲಿಸಿ, ಇವರು ಯಾರು ಅಂತ ಕೇಳಿದ್ರು. ನಾ ಬಾಯಿ ತೆರೆಯೂದ್ರಾಗ ಕಾಕು ಪರದೆ ಹಂತೇಕ ಬಗ್ಗಿ, ಹೋದವರು ನಿಮ್ಮ ಪೈಕಿನೇನ್ರಿ, ಗಟ್ಟಿ ಮನಸ್ಸು ಮಾಡ್ರಿ, ಒಲಿ ಹಚ್ಚಾಕ ಹೋಗಬ್ಯಾಡ್ರಿ, ಬುತ್ತಿ ನಾವು ಕೊಡತೇವಿ ಅಂದ್ಲು. ಮ್ಯಾನೇಜರಿಗೆ ಏನು ತಿಳೀತೋ ಏನೋ, ಕೈ ಮುಗಿದು ಥ್ಯಾಂಕ್ಸ್ ಅಂದ್ರು. ಅಲ್ಲಿಗೆ ಸಾವು ಖಾತ್ರಿ ಆತು.

ಮಧ್ಯಾಹ್ನ ಮೂರು ಮನಿಯಿಂದ ನಮ್ಮನಿಗೆ ಬುತ್ತಿ ಬಂತು. ಜ್ವಾಳದ ರೊಟ್ಟಿ, ಝುಣಕ, ಮೊಸರನ್ನ. ಯಾರೂ ಸತ್ತಿಲ್ಲ ಅಂತ ಹೇಳಾಕ ನಾ ಎದ್ನಿ. ಅವ್ವ ನನ್ನ ಕೈ ಹಿಡಿದು ಕುಂಡ್ರಿಸಿ, ಮೊದಲು ಊಟಾ ಮುಗೀಲಿ, ಆಮ್ಯಾಲ ಹೇಳಿದ್ರಾತು ಅಂದ್ಲು.

೨. ಕಳದು ಹೋದ ಹಾಲು

ಚಚಡಿ ಕಡೆ ಒಂದು ಹಳ್ಳಿ ಡೇರಿ. ಅಲ್ಲಿಂದ ದಿನಾ ಮುನ್ನೂರು ಲೀಟರ್ ಹಾಲು ಬರತಿತ್ತು, ತಿಂಗಳಿಗೊಮ್ಮೆ ಮಾತ್ರ ಒಂದಿನ ಸೊನ್ನಿ. ಹಾಲು ತೂಗೂ ಮಿಶಿನ್ ಕೆಟ್ಟಿರಬೇಕು ಅಂತ ನಾ ಖಂಡಿತ ತಿಳಕೊಂಡ್ನಿ. ಮತ್ತ ಸೊನ್ನಿ ಬಿದ್ದ ದಿನಾನ ಮೆಕ್ಯಾನಿಕನ್ನ ಸ್ಕೂಟರ್ ಹಿಂದ ಕುಂಡ್ರಿಸಿಕೊಂಡು ಓಡಿದ್ನಿ.

ಡೇರಿ ಸೆಕ್ರೆಟರಿ ಚೊಲೋ ಮನುಷ್ಯಾ. ಬರ್ರಿ ಅಕ್ಕೋರ, ಕೂಡ್ರಿ, ಮೊದಲ ಊಟ ಅಂದ. ನಮ್ಮ ಕಡೆ ಸಾಲಿ ಕಲಿಸೂ ಹೆಣ್ಣಮಕ್ಕಳಿಗೆ ಅಕ್ಕೋರು ಅಂತಾರ, ಸಾಲಿ ಬಿಟ್ರೂ ಆ ಹೆಸರು ನನ್ನ ಬಿಟ್ಟಿರಲಿಲ್ಲ. ಅವನ ಹೆಂಡತಿ ಗೋಧಿ ಹುಗ್ಗಿ ಬಡಿಸಿ, ಮ್ಯಾಲ ತಂಬಿಗಿಲೆ ಹಾಲು ಸುರುವಿದ್ಲು. ಬ್ಯಾಡ ಬ್ಯಾಡ ಅಂದಂಗೆಲ್ಲ ಇನ್ನಷ್ಟು ಸುರುವಿದ್ಲು. ನಾ ಎರಡು ಗಂಗಾಳ ಉಂಡ್ನಿ, ಮೆಕ್ಯಾನಿಕ್ ಮೂರು.

ಆಮ್ಯಾಲ ಮಿಶಿನ್ ಬಿಚ್ಚಿದ್ವಿ. ಎರಡು ತಾಸು ವೈರ್ ಜಗ್ಗಿ, ಒರಸಿ, ತೂಕದ ಕಲ್ಲು ಇಟ್ಟು ನೋಡಿದ್ವಿ. ಮಿಶಿನ್ ಬರೋಬ್ಬರಿ ಐತಿ. ಸೆಕ್ರೆಟರಿ ಬಾಜೂಕ ನಿಂತು ಎಲ್ಲಾ ನೋಡಿದ, ಬೇಕಾದಾಗ ಬ್ಯಾಟ್ರಿ ಹಿಡಿದ, ಎರಡು ಸಲ ಚಹಾ ತರಿಸಿದ, ಅದೂ ಗಟ್ಟಿ ಹಾಲಿನ ಚಹಾ. ಕಡೀಕ ನಾ ಸೋತು ಅವನ್ನ ಕೇಳಿದ್ನಿ, ಈ ಊರಿನ ಮುನ್ನೂರು ಲೀಟರ್ ಹಾಲು ಇವತ್ತು ಎಲ್ಲಿ ಹೋಗೇತ್ರಿ ಅಂತ.

ಇವತ್ತು ಅಮಾಸಿ ಅಲ್ಲೇನ್ರಿ ಅಂದ. ಅವರೂರಾಗ ಅಮಾಸಿ ದಿನ ಯಾರೂ ಹಾಲು ಮಾರೂದಿಲ್ಲಂತ. ದೇವರಿಗೆ ಮೀಸಲು ತಗದು, ಉಳದದ್ದು ಮನಿಮಂದಿಗೆ, ಬಂದ ಬೀಗರಿಗೆ. ನಮ್ಮ ಮನ್ಯಾಗ ಹುಣ್ಣಿವಿ ಮಾಡತೇವಿ, ಅಮಾಸಿ ನೆಪ್ಪ ಇರೂದಿಲ್ಲ. ಕಳದ ಹಾಲು ಹುಡಕಾಕ ಬಂದಾಕಿ ಅದನ್ನ ಹೊಟ್ಟ್ಯಾಗ ಇಟ್ಟುಕೊಂಡು ಎರಡು ತಾಸು ಹುಡುಕಿದ್ನಿ. ಮೊದಲ ಯಾಕ ಹೇಳಲಿಲ್ರಿ ಅಂತ ಸಿಟ್ಟಿಗೆದ್ನಿ. ಅವ ಶಾಂತ ಇದ್ದ.

"ನೀವು ಬಂದಾಗಿಂದ ಮಿಶಿನ್ನ ಕೇಳಾಕತ್ತಿದ್ರಿ. ನಡುವ ನಾ ಬಾಯಿ ಹಾಕೂದು ಸರಿ ಕಾಣೂದಿಲ್ಲಂತ ಸುಮ್ಮನಿದ್ನಿ."

೩. ಅರ್ಧ ಅರ್ಧ

ಅವತ್ತಿಂದ ನಾ ಮೊದಲು ಮಂದಿನ ಕೇಳತೇನಿ, ಆಮ್ಯಾಲ ಮಿಶಿನ್ನ. ಆದ್ರ ಮಂದಿನೂ ನನ್ನ ಕೇಳತಾರಲ್ಲ, ಅದು ಬ್ಯಾರೆ ಫಜೀತಿ. ಮಳಿ ಯಾವಾಗ, ಬೋರ್ ಎಲ್ಲಿ ಹೊಡಸಬೇಕು, ಮಗಳ ಲಗ್ನ ಈ ವರ್ಷ ಆಗತೈತೋ ಇಲ್ಲೋ. ನನ್ನ ಲೆಕ್ಕ ಬರೇ ಹಾಲಿಂದು ಅಂದ್ರ ನಂಬೂದಿಲ್ಲ, ಹೇಳಾಕ ಮನಸ್ಸಿಲ್ಲ ಈಕಿಗೆ ಅಂತಾರ.

ಕಿತ್ತೂರು ಕಡೆಯ ಒಬ್ಬ ಅಜ್ಜನ ಆಕಳಿಗೆ ದಿನ ತುಂಬಿದ್ವು. ಹೋರಿಗರ ಹಾಕತೈತೋ, ಆಕಳಗರ ಹಾಕತೈತೋ, ಕಂಪ್ಯೂಟರಿನ್ಯಾಗ ನೋಡಿ ಹೇಳ್ರಿ ಅಂತ ದಾರಿ ಅಡ್ಡಗಟ್ಟಿದ. ಇದನ್ನ ಯಾರೂ ಮುಂಚಿತ ಹೇಳಾಕ ಬರೂದಿಲ್ಲ ಅಜ್ಜಾ, ನಾಣ್ಯ ಚಿಮ್ಮಿದಂಗ ಅಂತ ತಿಳಿಸಿ ಹೇಳಿದ್ನಿ. ಅಜ್ಜ ಸ್ಕೂಟರ್ ಬಿಡಲಿಲ್ಲ, ಒಂದ ಮಾತಿನ್ಯಾಗ ಹೇಳ್ರಿ ಅಂದ. ನನಗೂ ಹೊತ್ತಾಗಿತ್ತು, ಅರ್ಧ ಹೋರಿ ಅರ್ಧ ಆಕಳ ಅಂತ ತಿಳಕೋ, ಗಣಿತ ಸುಳ್ಳಾಗೂದಿಲ್ಲ ಅಂತ ಹೇಳಿ ಗಾಡಿ ಬಿಟ್ನಿ.

ಎಂಟು ದಿನ ಬಿಟ್ಟು ಅಜ್ಜನ ಫೋನ್ ಬಂತು.

"ಅಕ್ಕೋರ, ನಿಮ್ಮ ಮಾತು ಹುಸಿ ಹೋಗಲಿಲ್ಲ ನೋಡ್ರಿ. ಅವಳಿ ಹಾಕೇತಿ. ಒಂದು ಹೋರಿ, ಒಂದು ಆಕಳ."

ಇದು ಸಾವಿರಕ್ಕ ಎಲ್ಲೋ ಕೆಲವು ಸಲ ಆಗೂದು, ನನ್ನದೇನೂ ಇಲ್ಲ ಅಂತ ಎಷ್ಟು ಹೇಳಿದ್ರೂ ಅಜ್ಜ ಕೇಳಲಿಲ್ಲ, ಟ್ಯಾಂಕರಿನವನ ಕೈಲೆ ಗಿಣ್ಣ ಕಳಿಸಿಕೊಟ್ಟ. ಮರುದಿನ ಅದ ಊರಿನ ಮೂರು ಮಂದಿ ಫೋನ್ ಮಾಡಿ, ತಮ್ಮ ಆಕಳಿಗೂ ಅರ್ಧ ಅರ್ಧನ ಹೇಳ್ರಿ ಅಂತ ಬೇಡಿಕೊಂಡ್ರು.

೪. ನಾಕನೂರಾ ಹನ್ನೆರಡು

ಆರು ತಿಂಗಳು ಮುಗಿಯಾಕ ಬಂದಿತ್ತು. ಪುಣೆಯಿಂದ ಕಂಪನಿಯ ದೊಡ್ಡ ಸಾಹೇಬ್ರು ಬರಾಕತ್ತಾರ, ನಿಮ್ಮ ಲೆಕ್ಕ ಖರೇ ಐತೋ ಇಲ್ಲೋ ಕಣ್ಣಾರೆ ನೋಡತಾರಂತ, ಅದರ ಮ್ಯಾಲ ನಿಮ್ಮ ಕೆಲಸ ಅಂತ ಮ್ಯಾನೇಜರ್ ತಿಳಿಸಿದ್ರು. ತೊರಗಲ್ ಕೋಟೆ ಕಾಣೂ ಒಂದು ಹಳ್ಳಿ ಡೇರಿ ಗೊತ್ತು ಮಾಡಿದ್ರು.

ಹಿಂದಿನ ದಿನಾನ ನಾ ಆ ಊರಿಗೆ ಹೋದ್ನಿ. ಯಾರ ಎಮ್ಮಿ ಬತ್ತೇತಿ, ಯಾರ ಆಕಳ ಈದೈತಿ, ಯಾರ ಮನ್ಯಾಗ ಬೀಗರು ಬಂದಾರ, ಗಡಿಬಿಡಿ ಮಾಡದ ಮನಿ ಮನಿ ಕೇಳಿದ್ನಿ. ಎಲ್ಲಾ ಹಾಕಿ ನೋಡಿದ್ರ ಲ್ಯಾಪ್‌ಟಾಪ್ ನಾಕನೂರಾ ಹನ್ನೆರಡು ಲೀಟರ್ ಅಂತು. ಆ ಅಂಕಿನ ಸಾಹೇಬ್ರಿಗೆ ಕಳಿಸಿ, ಅಲ್ಲಿನ ಸೆಕ್ರೆಟರಿಗೂ ಹೇಳಿದ್ನಿ. ಅವನ ಹೆಂಡತಿ ಚಹಾ ಕೊಡೂಮುಂದ, ಮಾರಿ ಯಾಕ ಸಣ್ಣದಾಗೇತ್ರಿ ಅಂತ ಕೇಳಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ. ನಾಳಿ ಈ ಅಂಕಿ ಹುಸಿ ಹೋದ್ರ ನನ್ನ ಕೆಲಸ ಹೋಗತೈತ್ರಿ, ಸಾಲಿನೂ ಬಿಟ್ಟ ಬಂದೇನಿ ಅಂತ ಹೇಳಿ ಕಣ್ಣೀರು ಹಾಕಿದ್ನಿ. ಗಂಡ ಹೆಂಡತಿ ಒಬ್ಬರ ಮಾರಿ ಒಬ್ಬರು ನೋಡಿದ್ರು.

ಮರುದಿನ ಮುಂಜಾನಿ ಸಾಹೇಬ್ರು ಬಂದು ಮಿಶಿನ್ ಬಾಜೂಕ ಕುರ್ಚಿ ಹಾಕ್ಕೊಂಡು ಕುಂತ್ರು. ಮರಾಠಿ ಬೆರಸಿದ ಕನ್ನಡ, ಮಾತು ಕಡಿಮಿ. ಮಂದಿ ಪಾಳಿ ಹಚ್ಚಿ ಹಾಲು ಹಾಕಿದ್ರು. ನೂರಾತು, ಇನ್ನೂರಾತು, ಮುನ್ನೂರಾ ಎಂಬತ್ತಾತು.

ನಾಕನೂರು ದಾಟಿದ ಕೂಡಲೇ ಸೆಕ್ರೆಟರಿಯ ಕೈ ನಿಧಾನ ಆತು. ಒಬ್ಬನ ಕ್ಯಾನಿನ್ಯಾಗಿನ ಅರ್ಧ ಹಾಲು ಸುರುವಿಕೊಂಡು ಉಳದದ್ದು ವಾಪಸ್ ಕೊಟ್ಟ. ಮುಂದಿನಾಕಿ ತಂಬಿಗಿಯಿಂದ ಒಂದ ವಾಟಿ. ಆಮ್ಯಾಲ ಚಮಚಾ ತಗೊಂಡ, ಕೂಸಿಗೆ ಔಷಧ ಹಾಕಿದಂಗ ಒಂದೊಂದ ಚಮಚಾ ಹಾಕಿ ಮಿಶಿನ್ ನೋಡಿದ. ೪೧೨.೦ ಅಂತ ಬಂದದ್ದ ತಡಾ, ಚಮಚಾ ಕೆಳಗಿಟ್ಟು ಬಾಗಲಾ ಮುಂದ ಮಾಡಿ, ಇಷ್ಟ ನೋಡ್ರಿ ಸಾಹೇಬ್ರ, ಊರಾಗ ಇನ್ನ ಒಂದ ಹನಿ ಹಾಲಿಲ್ಲ ಅಂದ.

ಸಾಹೇಬ್ರು ತಮ್ಮ ಕೈಯಾಗಿನ ಚೀಟಿ ನೋಡಿದ್ರು, ಮಿಶಿನ್ ನೋಡಿದ್ರು, ನನ್ನ ನೋಡಿದ್ರು. ಹೊರಗಿಂದ ಒಬ್ಬ ಮುದುಕಿಯ ದನಿ ಕೇಳಿತು.

"ಏ ತಮ್ಮಾ, ಅಕ್ಕೋರ ಕೆಲಸ ಕಾಯಂ ಆತೇನೋ? ಬಿಸಲು ಏರಾಕತ್ತೈತಿ, ಹಾಲು ಒಡೀತೈತಿ."

ಸಾಹೇಬ್ರು ಎದ್ದು ಹೋಗಿ ಬಾಗಲಾ ತಗದ್ರು. ಗ್ವಾಡಿಗೆ ಹತ್ತಿ ಒಂಬತ್ತು ಮಂದಿ ಸಾಲಾಗಿ ಕುಂತಿದ್ರು. ಒಬ್ಬೊಬ್ಬರ ತೊಡಿ ಮ್ಯಾಲ ತಂಬಿಗಿ, ಕ್ಯಾನು, ಮ್ಯಾಲ ಸೆರಗು, ಟವೆಲ್ಲು ಮುಚ್ಚಿದ್ರು. ಸಾಹೇಬ್ರನ್ನ ಕಂಡು ಒಂಬತ್ತೂ ಮಂದಿ ಶರಣ್ರಿ ಅಂದ್ರು.

ನನಗ ಭೂಮಿ ಬಾಯಿ ಬಿಡಬಾರದಾ ಅನಿಸಿತು. ನನ್ನ ಸಲುವಾಗಿ ಇಷ್ಟು ಮಂದಿ ಬಿಸಲಿನ್ಯಾಗ ಕುಂತಿದ್ರು. ಸುಮ್ಮನಿದ್ರ ಸೆಕ್ರೆಟರಿ ಏನರ ಹೇಳಿ ಪಾರು ಮಾಡತಿದ್ದ, ಅವ ಆಗಲೇ ಬಾಯಿ ತೆರದಿದ್ದ. ನಾ ಒಂದು ಸಲ ಉಸಿರು ಎಳಕೊಂಡು, "ಸಾಹೇಬ್ರ, ಆ ಹಾಲೂ ಅಳತಿ ಮಾಡಸ್ರಿ. ನನ್ನ ಲೆಕ್ಕ ತಪ್ಪಿದ್ರ ತಪ್ಪಲಿ," ಅಂದ್ನಿ.

ಅಳದ್ರು. ಹೊರಗ ಹತ್ತೊಂಬತ್ತು ಲೀಟರ್ ಇತ್ತು. ಒಟ್ಟು ನಾಕನೂರಾ ಮೂವತ್ತೊಂದು. ಸಾಹೇಬ್ರು ಚೀಟಿ ಮ್ಯಾಲ ಏನೋ ಬರಕೊಂಡು, ಮೊದಲ ಸಲ ಸ್ವಲ್ಪ ನಕ್ರು.

"ಇಪ್ಪತ್ತು ಲೀಟರ್ ತನಕ ತಪ್ಪಿದ್ರ ಕಾಯಂ ಮಾಡೂಣಂತ ಬಂದಿದ್ನಿ. ಚಮಚಾದಾಗ ಬಂದ ನಾಕನೂರಾ ಹನ್ನೆರಡಕ್ಕ ನಿಮ್ಮನ್ನ ಮನಿಗೆ ಕಳಸ್ತಿದ್ನಿ. ಹತ್ತೊಂಬತ್ತು ತಪ್ಪೇತಿ, ಚೊಲೋ ಲೆಕ್ಕ. ನಾಳಿಂದ ನೀವು ಕಾಯಂ."

ನಾ ಅಲ್ಲೇ ಮೆಟ್ಟಲ ಮ್ಯಾಲ ಕುಂತು ಅತ್ನಿ. ಸೆಕ್ರೆಟರಿಯ ಹೆಂಡತಿ ಬಂದು ಕಣ್ಣು ಒರಸಿದ್ಲು, ಮುದುಕಿ ತಲಿ ಸವರಿದ್ಲು. ಸೆಕ್ರೆಟರಿ ಮಾತ್ರ ಮಾರಿ ಉಬ್ಬಿಸಿಕೊಂಡು ದೂರ ನಿಂತಿದ್ದ. ಸಾಹೇಬ್ರ ಗಾಡಿ ಹೋದ ಮ್ಯಾಲ ನನ್ನ ಹಂತೇಕ ಬಂದ.

"ಹತ್ತೊಂಬತ್ತು ಲೀಟರ್ ತಪ್ಪಬೇಕಂತ ನಿನ್ನೇನ ಹೇಳಬಾರದಿತ್ತೇನ್ರಿ ಅಕ್ಕೋರ? ಅದನ್ನೂ ಬರೋಬ್ಬರಿ ಹೊಂದಿಸಿ ಕೊಡತಿದ್ನಿ."